ಡಿಕ್ಕಿ ಚಿಕ್ಕದು ಅನ್ನೋದು ಬಿಟ್ಟರೆ...

ಚಿಕ್ಕ ಕಾರುಗಳ ಬಗ್ಗೆ ಅತಿ ಹೆಚ್ಚು ಅಭಿಪ್ರಾಯ ಇಟ್ಟುಕೊಂಡಿರೋರು ಯಾರು ಗೊತ್ತಾ? ಚಿಕ್ಕ ಕಾರು ಇಲ್ಲದವರು! ಮದುವೆಮನೆಯಲ್ಲಿ ಸಿಗುವ ದೂರದ ನೆಂಟರು, ಪಕ್ಕದ್ಮನೆಯವರು, ಆಫೀಸಿನ ಕ್ಯಾಂಟೀನಿನಲ್ಲಿ ಎದುರು ಕೂತವರು. "ಇನ್ನೂ ಅದೇ ಗಾಡೀನಾ? ಯಾವಾಗ ಬದಲಾಯಿಸ್ತೀರಿ?" ಅನ್ನೋ ಪ್ರಶ್ನೆ "ಊಟ ಆಯ್ತಾ" ಅನ್ನುವಷ್ಟೇ ಸಲೀಸಾಗಿ ಬಂದುಬಿಡುತ್ತೆ.

ನಾನು ಸುಮಾರು ಹತ್ತು ವರ್ಷದಿಂದ ಒಂದು ಲೀಟರ್ ಎಂಜಿನ್ನಿನ ಚಿಕ್ಕ ಹ್ಯಾಚ್‌ಬ್ಯಾಕ್ ಓಡಿಸ್ತಾ ಇದ್ದೀನಿ. (ಕಂಪನಿ ಹೆಸರು ಬೇಡ ಬಿಡಿ, ಜಾಹೀರಾತು ಅಂದುಕೊಂಡೀರಿ :-) ) ಈಗ ಅದನ್ನ ಮಾರುವ ಮಾತು ಮನೆಯಲ್ಲೂ ಶುರುವಾಗಿದೆ. ಎಲ್ಲರ ಹಾಗೆ ನಾವೂ ಒಂದು ಎಸ್‌ಯುವಿ ತಗೊಳ್ಳೋಣ ಅನ್ನೋದು ಒಂದು ಪಕ್ಷ, ಯಾಕೆ ಬೇಕು ಅನ್ನೋದು ಇನ್ನೊಂದು ಪಕ್ಷ. ಈ ನೆಪದಲ್ಲಿ ಚಿಕ್ಕ ಕಾರಿನ ಜೊತೆ ವರ್ಷಗಟ್ಟಲೆ ಬದುಕಿದ ಕೆಲವರನ್ನು ಕೇಳಿದೆ. ಕೊಳ್ಳುವ ಮುಂಚಿನ ಮಾತಲ್ಲ, ಕೊಂಡು ಹಳೇದಾದ ಮೇಲಿನ ಮಾತು. ಅದರಿಂದ ನನಗೆ ಅನ್ನಿಸಿದ್ದನ್ನ ಇಲ್ಲಿ ಬರೀತಿದ್ದೀನಿ.

ಮೊದಲು ದೂರುಗಳು. ಅವು ಎಲ್ಲರಲ್ಲೂ ಹೆಚ್ಚು ಕಮ್ಮಿ ಒಂದೇ. ಡಿಕ್ಕಿ ಚಿಕ್ಕದು. ಹಿಂದಿನ ಸೀಟಿನ ಮಧ್ಯ ಕೂತವನ ಪಾಡು ಯಾರಿಗೂ ಬೇಡ. ಐದು ಜನ ಕೂತರೆ ಹಂಪ್‌ಗಳಲ್ಲಿ ತಳ ತಾಗುತ್ತೆ. ಘಟ್ಟ ಹತ್ತುವಾಗ ಏಸಿ ಆಫ್ ಮಾಡಬೇಕು. ಹೈವೇಲಿ ನೂರು ದಾಟಿದರೆ ಪಕ್ಕದಲ್ಲಿ ಹೋಗುವ ವೋಲ್ವೋ ಬಸ್ಸಿನ ಗಾಳಿಗೆ ಸ್ಟೀರಿಂಗ್ ಸ್ವಲ್ಪ ಎಳೆದ ಹಾಗಾಗುತ್ತೆ. ಇದೆಲ್ಲ ನಿಜ. ಯಾರೂ ಮುಚ್ಚಿಡಲಿಲ್ಲ.

ಘಟ್ಟದ ವಿಷಯ ಒಂದು ಚಿಕ್ಕ ಲೆಕ್ಕ. ಇಂಥ ಕಾರಿನ ತೂಕ ಸುಮಾರು 800 ಕೆಜಿ. ಸರಾಸರಿ 65 ಕೆಜಿಯ ಐದು ಜನ, ಮೇಲೆ 40 ಕೆಜಿ ಲಗೇಜು ಅಂದ್ರೆ 365 ಕೆಜಿ. ಕಾರಿನ ಸ್ವಂತ ತೂಕದ ಸುಮಾರು 46% ಹೆಚ್ಚಾಯಿತು! ಅದೇ ಹೊರೆಯನ್ನ 1300 ಕೆಜಿಯ ಎಸ್‌ಯುವಿಗೆ ಹೇರಿದರೆ ಹೆಚ್ಚಾಗೋದು 28% ಮಾತ್ರ. ಏಸಿಯ ಕಂಪ್ರೆಸರ್ ತಿರುಗೋದೂ ಎಂಜಿನ್ನಿನ ಶಕ್ತಿಯಿಂದಲೇ. ದೊಡ್ಡ ಎಂಜಿನ್ನಿಗೆ ಅದು ಗೊತ್ತೇ ಆಗಲ್ಲ, ಪುಟ್ಟ ಎಂಜಿನ್ನಿಗೆ ಗೊತ್ತಾಗುತ್ತೆ. ಶಿರಾಡಿಯಲ್ಲಿ ಎರಡನೇ ಗೇರಿಗೆ ಇಳಿಸಿ, ಕಿಟಕಿ ತೆಗೆದು, "ಆಹಾ ಏನು ತಂಪು ಗಾಳಿ" ಅಂತ ನಾವೆಲ್ಲ ಹೇಳೋದರ ಹಿಂದಿನ ಗುಟ್ಟು ಇದೇ :-)

ಆದರೆ ಅದೇ ಲೆಕ್ಕವನ್ನ ತಿರುಗಿಸಿ ನೋಡಿ. ಕಳೆದ ವರ್ಷ ನಮ್ಮ ಕಾರು ಐದು ಜನರನ್ನು ತುಂಬಿಕೊಂಡು ಘಟ್ಟ ಇಳಿದು ಹತ್ತಿದ್ದು ನಾಲ್ಕೇ ಸಲ. ಮಿಕ್ಕ ದಿನಗಳಲ್ಲಿ ಅದರಲ್ಲಿ ಇದ್ದದ್ದು ನಾನೊಬ್ಬನೇ, ಇಲ್ಲಾ ನಾವಿಬ್ಬರು, ಜೊತೆಗೊಂದು ತರಕಾರಿ ಚೀಲ. 65 ಕೆಜಿ ಮನುಷ್ಯನನ್ನ ಆಫೀಸಿಗೆ ಮುಟ್ಟಿಸೋಕೆ 800 ಕೆಜಿ ಕಬ್ಬಿಣ ಎಳೆಯೋದೇ ಜಾಸ್ತಿ. 1300 ಕೆಜಿ ಯಾಕೆ ಅಂತ ಕೇಳಿದರೆ ಉತ್ತರ ಸಿಗೋದು ಕಷ್ಟ. ವರ್ಷದ ಆ ನಾಲ್ಕು ದಿನಗಳಿಗಾಗಿ ಉಳಿದ ಮುನ್ನೂರ ಅರವತ್ತೊಂದು ದಿನದ ಕಾರನ್ನು ಆರಿಸೋದು ನನಗಂತೂ ವಿಚಿತ್ರ ಅನ್ನಿಸುತ್ತೆ. ಮಗಳ ಮದುವೆಗೆ ಬೇಕಾಗುತ್ತೆ ಅಂತ ಯಾರಾದ್ರೂ ಮನೇನೇ ಕಲ್ಯಾಣಮಂಟಪದ ಅಳತೆಗೆ ಕಟ್ಟಿಸ್ತಾರಾ?

ಮೆಚ್ಚುಗೆಗಳು ಮಾತ್ರ ಒಬ್ಬೊಬ್ಬರದೂ ಒಂದೊಂದು ಥರ. ಬೆಂಗಳೂರಿನಲ್ಲಿ 20×30 ಸೈಟಿನ ಮನೆ ಇರುವ ಗೆಳೆಯನೊಬ್ಬ ಹೇಳಿದ್ದು: "ನನ್ನ ಕಾರು ಒಳಗೆ ನಿಂತ ಮೇಲೆ ಗೇಟು ಮುಚ್ಚುತ್ತೆ. ಅಷ್ಟು ಸಾಕು." ತಮಾಷೆಯಲ್ಲ. ಆಲ್ಟೊ ಕೆ10 ಉದ್ದ ಸುಮಾರು 3.5 ಮೀಟರ್. ಎಲ್ಲೆಲ್ಲೂ ಕಾಣುವ ಕ್ರೆಟಾದಂಥ ಎಸ್‌ಯುವಿ ಉದ್ದ ಸುಮಾರು 4.3 ಮೀಟರ್. ನಡುವಿನ 80 ಸೆಂಟಿಮೀಟರಿನಲ್ಲಿ ಒಂದು ಸ್ಕೂಟರ್ ಅಡ್ಡ ನಿಲ್ಲುತ್ತೆ. ಅಷ್ಟು ಜಾಗ ಇಲ್ಲದ ಮನೆಗಳ ದೊಡ್ಡ ಕಾರುಗಳು ಎಲ್ಲಿ ಮಲಗುತ್ತವೆ ಅಂತ ರಾತ್ರಿ ಹತ್ತರ ಮೇಲೆ ಯಾವುದಾದರೂ ಬಡಾವಣೆಯ ಕ್ರಾಸ್ ರಸ್ತೆಗೆ ಹೋಗಿ ನೋಡಿ. ಆಂಬುಲೆನ್ಸ್ ಬಂದರೆ ದೇವರೇ ಗತಿ.

ಮೈಸೂರಿನಲ್ಲಿರುವ ನನ್ನ ಸೋದರಮಾವನದು ಎತ್ತರದ ಛಾವಣಿಯ ಹ್ಯಾಚ್‌ಬ್ಯಾಕ್. 1998ರ ಸ್ಯಾಂಟ್ರೊ, 1999ರ ವ್ಯಾಗನ್ಆರ್ ನಮ್ಮಲ್ಲಿ ಜನಪ್ರಿಯ ಮಾಡಿದ ಆ 'ಟಾಲ್ ಬಾಯ್' ಆಕಾರದ್ದು. ಮೊದಮೊದಲು ಡಬ್ಬಿ ಅಂತ ನಕ್ಕವರೂ ಇದ್ದರು. ಮಂಡಿನೋವಿರುವ ಅತ್ತೆಗೆ ಅದರ ಬೆಲೆ ಗೊತ್ತು. ಸೀಟು ಸರಿಯಾಗಿ ಸೊಂಟದ ಮಟ್ಟಕ್ಕೆ ಬರುತ್ತೆ. ಸೆಡಾನಿನ ಹಾಗೆ ಕುಕ್ಕರಗಾಲಲ್ಲಿ ಕೂತು ಒಳಗೆ ಜಾರಬೇಕಿಲ್ಲ, ಎಸ್‌ಯುವಿಯ ಹಾಗೆ ಕಾಲೆತ್ತಿ ಹತ್ತಬೇಕಿಲ್ಲ. ತಿರುಗಿ ಕೂತರೆ ಆಯ್ತು. ವಯಸ್ಸಾದವರಿಗೆ ಇಷ್ಟು ಅನುಕೂಲದ ಆಕಾರ ಇನ್ನೊಂದಿಲ್ಲ ಅನ್ನೋದು ಅವರ ಖಚಿತ ಅಭಿಪ್ರಾಯ.

ತೀರ್ಥಹಳ್ಳಿ ಕಡೆ ಮೇಷ್ಟರಾಗಿರುವ ಗೆಳೆಯನಿಗೆ ಆಗುಂಬೆ ಅಂದ್ರೆ ಪಕ್ಕದ ಬೀದಿ ಇದ್ದ ಹಾಗೆ. ಮಿನಿ ಬಸ್ಸುಗಳೇ ಓಡಾಡುವ ಆ ಹೇರ್‌ಪಿನ್ ತಿರುವುಗಳಲ್ಲಿ ಚಿಕ್ಕ ಕಾರು ಒಂದೇ ಸಲಕ್ಕೆ ತಿರುಗುತ್ತೆ. ತೋಟದ ದಾರಿಯಲ್ಲಿ ಎದುರಿಗೆ ಜೀಪು ಬಂದರೆ ಬೇಲಿಗೆ ಒತ್ತಿ ನಿಂತು ದಾರಿ ಬಿಡಬಹುದು. ಮಳೆಗಾಲದಲ್ಲಿ ಒಮ್ಮೆ ಕೆಸರಲ್ಲಿ ಹೂತಾಗ ನಾಲ್ಕು ಜನ ಸೇರಿ ನೂಕಿ ಎತ್ತಿದರಂತೆ. "ದೊಡ್ಡ ಕಾರಾಗಿದ್ರೆ ಟ್ರ್ಯಾಕ್ಟರ್ ಕರೆಸಬೇಕಿತ್ತು ಮಾರಾಯ" ಅಂದ.

ಹಾಗಾದರೆ ಓಡಿಸುವವರಿಗೆ ಇಷ್ಟು ತೃಪ್ತಿ ಇರುವ ಕಾರನ್ನು ಜನ ಬಿಟ್ಟು ಹೋಗ್ತಿರೋದು ಯಾಕೆ? ಹಣದ ಲೆಕ್ಕ ಹಾಕಿದರಂತೂ ಉತ್ತರ ಸಿಗಲ್ಲ. ನಾವು ನೋಡಿದ ಎಸ್‌ಯುವಿಗೆ 8 ಲಕ್ಷ ಸಾಲ ಬೇಕು. ಶೇಕಡ 9ರ ಬಡ್ಡಿ, ಐದು ವರ್ಷ ಅಂದರೆ ತಿಂಗಳಿಗೆ ಸುಮಾರು 16,600 ಇಎಂಐ. ಬಡ್ಡಿ ಒಂದೇ ಎರಡು ಲಕ್ಷದ ಹತ್ತಿರ ಬರುತ್ತೆ. ಕಾರಿನ ಬೆಲೆ ಏರಿದಂತೆ ನಮ್ಮ ರಾಜ್ಯದ ಜೀವಾವಧಿ ತೆರಿಗೆಯ ದರವೂ ಏರುತ್ತೆ. ಊರೊಳಗೆ ಚಿಕ್ಕದು ಲೀಟರಿಗೆ 16 ಕಿಮೀ, ದೊಡ್ಡದು 12 ಕಿಮೀ ಕೊಡುತ್ತೆ ಅಂತಿಟ್ಟುಕೊಳ್ಳಿ. ವರ್ಷಕ್ಕೆ 10,000 ಕಿಮೀ ಓಡಿದರೆ ಸುಮಾರು 208 ಲೀಟರ್ ಹೆಚ್ಚು ಪೆಟ್ರೋಲ್. ಲೀಟರಿಗೆ ನೂರು ರೂಪಾಯಿ ಹಿಡಿದರೂ ಇಪ್ಪತ್ತು ಸಾವಿರ ದಾಟಿತು. ಟಯರು, ಇನ್ಶೂರೆನ್ಸು ಇನ್ನೂ ಸೇರಿಸಿಲ್ಲ.

ಜನ ಬಿಟ್ಟು ಹೋಗ್ತಿರೋದಕ್ಕೆ ಎರಡು ಕಾರಣ ನನಗೆ ಕಾಣುತ್ತೆ. ಒಂದು ನಾಚಿಕೆ, ಇನ್ನೊಂದು ಭಯ. ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು.

ನಾಚಿಕೆಗೆ ಬೇಕಾದರೆ ನ್ಯಾನೋ ಕಥೆ ನೆನಪಿಸಿಕೊಳ್ಳಿ. ಮಳೆಯಲ್ಲಿ ಸ್ಕೂಟರ್ ಮೇಲೆ ಹೋಗುತ್ತಿದ್ದ ಸಂಸಾರವನ್ನ ನೋಡಿ ಹುಟ್ಟಿದ ಕನಸು ಅದು. 2008ರ ಜನವರಿಯಲ್ಲಿ ದೆಹಲಿಯಲ್ಲಿ ತೋರಿಸಿದರು, 2009ರಲ್ಲಿ ಮಾರಾಟಕ್ಕೆ ಬಂತು, 2018ರ ಹೊತ್ತಿಗೆ ತಯಾರಿಕೆ ನಿಂತುಹೋಯಿತು. ಸಿಂಗೂರಿನ ಗಲಾಟೆ, ಬೆಂಕಿ ಹತ್ತಿದ ಕೆಲವು ಪ್ರಕರಣ, ಎಲ್ಲ ಸೇರಿ ಕಾಡಿದವು, ಸರಿ. ಆದರೆ 'ಅತಿ ಅಗ್ಗದ ಕಾರು' ಅನ್ನೋ ಹಣೆಪಟ್ಟಿ ಹಚ್ಚಿ ಮಾರಿದ್ದು ಸರಿಯಾಗಲಿಲ್ಲ ಅಂತ ರತನ್ ಟಾಟಾ ಅವರೇ ಆಮೇಲೆ ಹೇಳಿದ್ದರು. ಸ್ಕೂಟರಿನಿಂದ ಕಾರಿಗೆ ಏರುವವನು ಮಳೆಯಿಂದ ಮಾತ್ರ ತಪ್ಪಿಸಿಕೊಳ್ಳಲ್ಲ, 'ಪಾಪ' ಅನ್ನುವ ನೋಟದಿಂದಲೂ ತಪ್ಪಿಸಿಕೊಳ್ತಾನೆ. ಕಾರಿನಲ್ಲೂ ಅದೇ ನೋಟ ಹಿಂಬಾಲಿಸಿದರೆ ಯಾಕೆ ಕೊಂಡಾನು?

ಇದು ಮೊದಲಿಂದ ಹೀಗಿರಲಿಲ್ಲ. 1983ರ ಡಿಸೆಂಬರಿನಲ್ಲಿ ಮೊದಲ ಮಾರುತಿ 800ರ ಕೀಲಿಯನ್ನ ಪ್ರಧಾನಿ ಇಂದಿರಾ ಗಾಂಧಿಯವರೇ ಕೊಟ್ಟಿದ್ದರು. 796 ಸಿಸಿ, ಮೂರು ಸಿಲಿಂಡರ್, 12 ಇಂಚಿನ ಚಕ್ರ. ಇವತ್ತಿನ ಕಣ್ಣಿಗೆ ಆಟದ ಸಾಮಾನು. ಆದರೆ ಬೀದಿಗೆ ಅದು ಬಂದು ನಿಂತ ದಿನ ಅಕ್ಕಪಕ್ಕದ ಮಕ್ಕಳೆಲ್ಲ ಮುಟ್ಟಿ ನೋಡುತ್ತಿದ್ದರು. 2014ರ ಜನವರಿಯಲ್ಲಿ ತಯಾರಿಕೆ ನಿಲ್ಲುವವರೆಗೆ ಎಷ್ಟೋ ಸಂಸಾರಗಳಿಗೆ ಅದೇ ಮೊದಲ ಕಾರು. ಕಾರಿನ ಅಳತೆಗಿಂತ ನೋಡುವವರ ಕಣ್ಣಿನ ಅಳತೆ ಬದಲಾಗಿದೆ. ಇದಕ್ಕೆ ಸೊಪ್ಪು ಹಾಕಬೇಕಿಲ್ಲ ಅನ್ನೋದು ನನ್ನ ನಿಲುವು. ನಮ್ಮ ಇಎಂಐ ಕಟ್ಟೋಕೆ ಆ ದೂರದ ನೆಂಟರು ಬರಲ್ಲ.

ಆದರೆ ಭಯ ಹಾಗಲ್ಲ. ಅದನ್ನ ಹಗುರವಾಗಿ ತಗೊಳ್ಳೋಕೆ ಆಗಲ್ಲ. ನಮ್ಮ ಭಾಷೆಯಲ್ಲಿ ಕಾರಿನ ಹಿಂದಿನ ಖಾನೆಗೂ ಡಿಕ್ಕಿ, ಅಪಘಾತಕ್ಕೂ ಡಿಕ್ಕಿ. ಮೊದಲನೆಯದು ಚಿಕ್ಕದಾದರೆ ನಗಬಹುದು, ಎರಡನೆಯದಕ್ಕೆ ನಗೋಕಾಗಲ್ಲ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ನಮ್ಮ ಮಾರುಕಟ್ಟೆಯ ಐದು ಚಿಕ್ಕ ಕಾರುಗಳನ್ನ (ಆಲ್ಟೊ 800, ನ್ಯಾನೋ, ಐ10, ಫಿಗೊ, ಪೋಲೊ) ಏರ್‌ಬ್ಯಾಗ್ ಇಲ್ಲದ ರೂಪದಲ್ಲಿ ಗುದ್ದಿಸಿ ನೋಡಿತು. ಐದಕ್ಕೂ ಸೊನ್ನೆ ಸ್ಟಾರ್! 2023ರಲ್ಲೂ ವ್ಯಾಗನ್ಆರ್‌ಗೆ ದೊಡ್ಡವರ ರಕ್ಷಣೆಯಲ್ಲಿ ಒಂದು ಸ್ಟಾರ್, ಆಲ್ಟೊ ಕೆ10ಗೆ ಎರಡು. ಮಕ್ಕಳ ರಕ್ಷಣೆಯಲ್ಲಿ ಎರಡಕ್ಕೂ ಸೊನ್ನೆ. ಹಿಂದಿನ ಸೀಟಿನಲ್ಲಿ ಮಗುವನ್ನ ಕೂರಿಸಿಕೊಂಡು ಹೋಗುವ ಯಾರಿಗೇ ಆದರೂ ಇದು ಎದೆ ಝಲ್ಲೆನಿಸುವ ಮಾತು. ನಮ್ಮ ಮನೆಯ 'ಎಸ್‌ಯುವಿ ಪಕ್ಷ'ದ ಏಕೈಕ ಗಟ್ಟಿ ವಾದವೂ ಇದೇ.

ಆದರೆ ಇದು ಚಿಕ್ಕದಾಗಿರುವುದರ ದೋಷವಾ, ಇಲ್ಲಾ ಉಳಿತಾಯ ಮಾಡಿ ಕಟ್ಟಿದ್ದರ ದೋಷವಾ? ಅದೇ 2014ರಲ್ಲಿ ಎರಡು ಏರ್‌ಬ್ಯಾಗ್ ಇದ್ದ ಪೋಲೊ ನಾಲ್ಕು ಸ್ಟಾರ್ ತಗೊಂಡಿತು. 2020ರಲ್ಲಿ ಟಿಯಾಗೊ ನಾಲ್ಕು, ಆಲ್ಟ್ರೋಜ್ ಐದು. ಎಲ್ಲವೂ ನಾಲ್ಕು ಮೀಟರಿನೊಳಗಿನ ಹ್ಯಾಚ್‌ಬ್ಯಾಕ್‌ಗಳೇ. ಅಂದರೆ ಗಟ್ಟಿಯಾದ ಚಿಕ್ಕ ಕಾರು ಮಾಡೋಕೆ ಬರುತ್ತೆ. ಕೇಳುವವರು ಬೇಕು, ಮಾಡಿಸುವ ಕಾನೂನು ಬೇಕು. 2019ರಲ್ಲಿ ಹೊಸ ಕಾರುಗಳಿಗೆ ಎಬಿಎಸ್, ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದವು. 2025ರಲ್ಲಿ ಆಲ್ಟೊ ಕೆ10ನ ಎಲ್ಲ ಮಾದರಿಗಳಿಗೂ ಆರು ಏರ್‌ಬ್ಯಾಗ್ ಬಂದವು. (ಏರ್‌ಬ್ಯಾಗ್ ಒಂದೇ ಸಾಲದು, ಕಾರಿನ ಗೂಡು ಗಟ್ಟಿಯಿರಬೇಕು ಅನ್ನೋದು ಬೇರೆ ಮಾತು.)

ಭೌತಶಾಸ್ತ್ರ ಮಾತ್ರ ಯಾರ ಮಾತೂ ಕೇಳಲ್ಲ. ಭಾರದ ಗಾಡಿ ಹಗುರ ಗಾಡಿಗೆ ಗುದ್ದಿದರೆ ಹಗುರದ್ದಕ್ಕೇ ಹೆಚ್ಚು ಪೆಟ್ಟು. ಹಾಗಂತ ಎಲ್ಲರೂ ಭಾರದ ಗಾಡಿಗೆ ಹೋದರೆ ರಸ್ತೆ ಸುರಕ್ಷಿತ ಆಗುತ್ತಾ? ನಾನು ದೊಡ್ಡದು ಕೊಂಡರೆ ಪಕ್ಕದವನ ಚಿಕ್ಕ ಕಾರಿಗೆ ಅಪಾಯ ಹೆಚ್ಚು. ಅವನೂ ದೊಡ್ಡದು ಕೊಂಡರೆ ಸ್ಕೂಟರಿನವನಿಗೆ, ನಡೆದು ಹೋಗುವ ಅಜ್ಜಿಗೆ. ಅವರು ಏನು ಕೊಳ್ಳಬೇಕು?

ಸರ್ಕಾರದ ಲೆಕ್ಕದಲ್ಲಿ 'ಚಿಕ್ಕ ಕಾರು' ಅಂದ್ರೆ ನಾಲ್ಕು ಮೀಟರಿನೊಳಗಿನ ಉದ್ದ, ಪೆಟ್ರೋಲಾದರೆ 1200 ಸಿಸಿ, ಡೀಸೆಲಾದರೆ 1500 ಸಿಸಿಯೊಳಗಿನ ಎಂಜಿನ್. 2025ರ ಸೆಪ್ಟೆಂಬರ್ 22ರಿಂದ ಇವುಗಳ ಜಿಎಸ್‌ಟಿ 18%ಕ್ಕೆ ಇಳಿಯಿತು. ಮೊದಲು ಪೆಟ್ರೋಲ್ ಕಾರಿಗೆ ಸೆಸ್ ಸೇರಿ 29% ಇತ್ತು. ಒಳ್ಳೇದೇ. ಆದರೆ ಈ ಅಳತೆಯಲ್ಲಿ ತೂಕವೂ ಇಲ್ಲ, ಸುರಕ್ಷತೆಯೂ ಇಲ್ಲ. ಉದ್ದ ಕತ್ತರಿಸಿ ಎತ್ತರ ಏರಿಸಿದ ಮಿನಿ ಎಸ್‌ಯುವಿಗೂ ಅದೇ ರಿಯಾಯಿತಿ. ನಾಲ್ಕು ಸ್ಟಾರ್ ತಗೊಂಡ ಹಗುರ ಹ್ಯಾಚ್‌ಬ್ಯಾಕಿಗೆ ಇನ್ನೂ ಎರಡು ಪರ್ಸೆಂಟ್ ಬಿಟ್ಟಿದ್ದರೆ ಕಂಪನಿಗಳೇ ಓಡಿ ಬರುತ್ತಿದ್ದವು ಅಂತ ನನ್ನ ಊಹೆ.

ನಮ್ಮ ಮನೆಯ ವಾದ ಸದ್ಯಕ್ಕೆ ರಾಜಿಯಲ್ಲಿ ನಿಂತಿದೆ. ಹಳೇ ಕಾರು ಹೋಗುತ್ತೆ. ಅದರ ಜಾಗಕ್ಕೆ ಬರೋದೂ ಹ್ಯಾಚ್‌ಬ್ಯಾಕೇ, ಆದರೆ ಗುದ್ದು ಪರೀಕ್ಷೆಯಲ್ಲಿ ನಾಲ್ಕು ಸ್ಟಾರಾದರೂ ತಗೊಂಡಿರಬೇಕು, ಹಿಂದಿನ ಸೀಟಿನಲ್ಲಿ ಮಗುವಿನ ಸೀಟು ಕೂರಿಸಲು ಐಸೋಫಿಕ್ಸ್ ಕೊಂಡಿ ಇರಬೇಕು. ಬಣ್ಣ, ಟಚ್‌ಸ್ಕ್ರೀನು, ಸನ್‌ರೂಫು ಎಲ್ಲ ಆಮೇಲೆ. ಘಟ್ಟದಲ್ಲಿ ಬೇಕಾದರೆ ಏಸಿ ಆಫ್ ಮಾಡೋಣ. ವರ್ಷದ ಆ ನಾಲ್ಕು ದಿನ ತುಂಬಾ ಜನ ಆದರೆ ಒಂದು ಇನ್ನೋವಾ ಬಾಡಿಗೆಗೆ ಸಿಗುತ್ತೆ. ಒಂದು ತಿಂಗಳ ಇಎಂಐಗೆ ಎಷ್ಟೋ ಕಿಲೋಮೀಟರ್ ಸುತ್ತಬಹುದು.

ನೀವೂ ಚಿಕ್ಕ ಕಾರಿನ ಜೊತೆ ನಾಲ್ಕಾರು ವರ್ಷ ಕಳೆದವರಾಗಿದ್ದರೆ ಏನನ್ನಿಸ್ತು ಹೇಳಿ. ಮಾರಿ ದೊಡ್ಡದು ಕೊಂಡವರೂ ಹೇಳಿ, ನಿಜವಾಗ್ಲೂ ಏನು ಬದಲಾಯ್ತು? ಡಿಕ್ಕಿ ದೊಡ್ಡದಾಯ್ತು ಅನ್ನೋದು ಬಿಟ್ಟು :-)