ಐದು ಸಾವಿರದ ಕೆಂಪು ಫಿಲ್ಟರ್ ಬೇಕಾ, ಮುನ್ನೂರೈವತ್ತರ ಕಾಗದ ಸಾಕಾ?

(1/5)

ಮೊದಲನೇ ಫೋಟೋ ಝೂಮ್ ಮಾಡಿ ನೋಡ್ರಿ. ಅದು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಅಲ್ಲ, ಕಾರಿನ ಏರ್ ಫಿಲ್ಟರ್. ಹೊಸಾದು ಇದ್ದಾಗ ಬೆಳ್ಳಗಿರತೈತಿ. ತುಬಚಿ–ಜಮಖಂಡಿ ನಡುವ ಒಂದು ಕಬ್ಬಿನ ಸೀಸನ್ ಓಡಿದ ಮ್ಯಾಲ ಈ ಬಣ್ಣ ಬಂದೈತಿ.

ಗಾಡಿ ನಮ್ಮ ಕಾಕಾಂದು. ಸೆಕೆಂಡ್‌ಹ್ಯಾಂಡ್ ಡೀಸೆಲ್ ಸ್ವಿಫ್ಟ್. ಮದುವಿ, ದವಾಖಾನಿ, ಬಸ್‌ಸ್ಟ್ಯಾಂಡ್ ಅಂತ ಬಾಡಿಗಿಗೆ ಹೋಗತೈತಿ, ಅದರ ದುಡಿಮ್ಯಾಗನ ಅದರ ಕಂತು ತುಂಬಬೇಕು. ಅಕ್ಸೆಸರಿ ಅಂಗಡಿಯವ ಒಬ್ಬ ಅವ್ರಿಗೆ ಹೇಳ್ಯಾನ: "ಇದು ತೊಳದು ತೊಳದು ಹಾಕೂ ಫಿಲ್ಟರ್. ಒಮ್ಮೆ ಹಾಕಿದ್ರ ಗಾಡಿ ಇರೂ ತನಕ ನಡೀತೈತಿ. ಪಿಕಪ್ ಏರತೈತಿ, ಮೈಲೇಜ್ ಏರತೈತಿ." ರೇಟ್ ಸುಮಾರು ಐದು ಸಾವಿರ. ಕಾಕಾ ನನ್ನ ಕಡೆ ತಿರುಗಿ, "ಬಿಕಾಂ ಓದಾಕತ್ತೀಯಲ್ಲ, ನೀನ ಲೆಕ್ಕ ಹಾಕಿ ಹೇಳು" ಅಂದ್ರು.

ಅದಾದ ಮ್ಯಾಲ ನೋಡಿದ್ರ ನಮ್ಮ ಕ್ಲಾಸಿನ ಗ್ರೂಪ್‌ನಾಗೂ ಇದ ಕೆಂಪು ಫಿಲ್ಟರಿನ ರೀಲ್ ತಿರಗಾಕತ್ತಿತ್ತು. ಇಬ್ಬರು ದೋಸ್ತರು ಆಗಲೇ ಅಪ್ಪನ ಕಾರಿಗೆ ಆರ್ಡರ್ ಮಾಡೂ ವಿಚಾರದಾಗ ಅದಾರ. ಅದಕ್ಕ ಈ ಸರಣಿ.

ನನ್ನ ಅಭಿಪ್ರಾಯ ಮೊದಲ ಹೇಳಿಬಿಡತೀನಿ, ಪೂರ್ತಿ ಓದಾಕ ಟೈಮ್ ಇಲ್ಲದವ್ರು ಇಲ್ಲೇ ಲೈಕ್ ಒತ್ತಿ ಹೋಗಬಹುದು: ನಮ್ಮ ಕಡೆ ರಸ್ತೆಗೆ, ನಮ್ಮಂಥವರ ಗಾಡಿಗೆ ಅದು ಬ್ಯಾಡ. ಯಾಕ ಅಂತ ಕೇಳೂವ್ರು ಮುಂದ ಬರ್ರಿ.

(2/5)

ತೊಳದು ಹಾಕೂ ಫಿಲ್ಟರ್ ಅಂದ್ರ ಏನು? ಹತ್ತಿಯ ತೆಳು ಜಾಳಿಗಿ ಬಟ್ಟೆಯನ್ನು ನಾಲ್ಕೈದು ಪದರ ಮಾಡಿ, ಎರಡೂ ಕಡೆ ಅಲ್ಯೂಮಿನಿಯಂ ಜಾಲರಿ ಹಿಡಿಸಿ, ಮಡಿಕೆ ಮಾಡಿ, ಅದಕ್ಕೆ ಅಂಟು ಎಣ್ಣೆ ಹಾಕಿರುತ್ತಾರೆ. ಧೂಳು ಆ ಎಣ್ಣೆಗೆ ಅಂಟಿಕೊಳ್ಳುತ್ತದೆ. ಹೊಲಸಾದ ಮ್ಯಾಲ ತೊಳದು, ಒಣಗಿಸಿ, ಮತ್ತ ಎಣ್ಣಿ ಹಾಕಿ ಕೂಡಸೂದು. ಇದರಾಗ ಎಲ್ಲಾರಿಗೂ ಗೊತ್ತಿರೂ ಹೆಸರು ಅಮೆರಿಕದ ಕೆ ಆ್ಯಂಡ್ ಎನ್. 1969ರಲ್ಲಿ ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ ಮೋಟರ್‌ಸೈಕಲ್ ಹುಚ್ಚಿನ ಇಬ್ಬರು ಸೇರಿ ಶುರು ಮಾಡಿದ್ದು. ಅವರ ಹೆಸರಿನ ಮೊದಲಕ್ಷರಗಳೇ ಆ ಕೆ ಮತ್ತು ಎನ್. ರೇಸಿನ ಲೋಕದಾಗ ಬೆಳದ ವಸ್ತು ಇದು. ರೇಸಿನ ಇಂಜಿನ್ ಆಗಾಗ ಬಿಚ್ಚತಾರ, ಪಿಸ್ಟನ್ ರಿಂಗ್ ಬದಲಸ್ತಾರ. ನಮ್ಮ ಕಾಕಾನ ಇಂಜಿನ್ ಬಿಚ್ಚಿದ್ರ ಆ ವರ್ಷ ಕಬ್ಬಿನ ಬಿಲ್ ಪೂರಾ ಗ್ಯಾರೇಜಿಗೆ.

ಆದ್ರ 'ಮರುಬಳಕೆ ಫಿಲ್ಟರ್' ಅನ್ನೂದು ನಮಗ ಹೊಸಾದೇನಲ್ಲ, ನಿಮ್ಮ ಮನಿ ಹಳೇ ಟ್ರ್ಯಾಕ್ಟರ್ ನೋಡ್ರಿ. ಬೋನೆಟ್ ಹತ್ರ ಒಂದು ಕಬ್ಬಿಣದ ಡಬ್ಬಿ, ಕೆಳಗ ಒಂದು ಬಟ್ಟಲು, ಬಟ್ಟಲದಾಗ ಎಣ್ಣಿ. ಗಾಳಿ ಜೋರಾಗಿ ಕೆಳಗ ಇಳದು ಎಣ್ಣಿ ಮ್ಯಾಲ ಬಂದು ಗಕ್ಕನ ಮ್ಯಾಲಕ್ಕ ತಿರಗತೈತಿ. ಧೂಳು ಭಾರ, ಅದಕ್ಕ ಅಷ್ಟು ಲಗೂ ತಿರಗಾಕ ಬರಂಗಿಲ್ಲ, ಎಣ್ಣಿಗೆ ಬೀಳತೈತಿ. ಎಣ್ಣಿ ರಾಡಿ ಆದ್ರ ಚೆಲ್ಲಿ, ತೊಳದು, ಹೊಸಾದು ಹಾಕೂದು. ಅಜ್ಜಂದಿರ ಕಾಲದಿಂದ ಮಾಡಿದ್ದು ಇದನ್ನ. ಅದಕ್ಕ ಯಾರೂ 'ಪರ್ಫಾರ್ಮನ್ಸ್' ಅಂತ ಹೆಸರಿಡಲಿಲ್ಲ, ಐದು ಸಾವಿರಾನೂ ಕೇಳಲಿಲ್ಲ.

ಈಗಿನ ಎಷ್ಟೋ ಹೊಸ ಟ್ರ್ಯಾಕ್ಟರಿನ್ಯಾಗ ಆ ಎಣ್ಣಿ ಬಟ್ಟಲು ಹೋಗಿ ಕಾಗದದ ಡ್ರೈ ಫಿಲ್ಟರ್ ಬಂದೈತಿ. ಯಾಕ? ಎಣ್ಣೆ ಬಟ್ಟಲು ದಪ್ಪ ಧೂಳನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ಸಣ್ಣ ಧೂಳು ತಪ್ಪಿಸಿಕೊಳ್ಳುತ್ತದೆ. ಇಂಜಿನ್ ನಿಧಾನ ಓಡುವಾಗ ಗಾಳಿಯ ರಭಸ ಕಡಿಮೆ ಆಗಿ ಇನ್ನಷ್ಟು ತಪ್ಪಿಸಿಕೊಳ್ಳುತ್ತದೆ. ಅಂದ್ರ ಹೊಲದಾಗ ಧೂಳಿನ ನಡುವ ದುಡಿಯೂ ಮಷಿನ್ನ ತೊಳಿಯೂದು ಬಿಟ್ಟು ಕಾಗದಕ್ಕ ಬಂದೈತಿ. ನಾವು ಕಾರಿನ್ಯಾಗ ಕಾಗದ ಬಿಟ್ಟು ತೊಳಿಯೂದಕ್ಕ ಹೊಂಟೀವಿ.

(3/5)

ಈಗ ಅಂಗಡಿಯವನ ಮಾತಿಗೆ ಬರೂಣು. ಮೈಲೇಜ್ ಮೊದಲು.

2009ರಲ್ಲಿ ಅಮೆರಿಕದ ಇಂಧನ ಇಲಾಖೆಗಾಗಿ ಓಕ್ ರಿಡ್ಜ್ ನ್ಯಾಷನಲ್ ಲ್ಯಾಬೊರೇಟರಿ ಒಂದು ಪರೀಕ್ಷೆ ಮಾಡಿತು. ಕಾರಿನ ಫಿಲ್ಟರನ್ನು ಬೇಕಂತಲೇ ಕಟ್ಟಿಸಿ ಓಡಿಸಿ ನೋಡಿದರು. ಕಂಪ್ಯೂಟರ್ ನಿಯಂತ್ರಣದ ಫ್ಯೂಯೆಲ್ ಇಂಜೆಕ್ಷನ್ ಇರುವ ಈಗಿನ ಪೆಟ್ರೋಲ್ ಗಾಡಿಗಳಲ್ಲಿ ಕಟ್ಟಿದ ಫಿಲ್ಟರ್ ತೆಗೆದು ಹೊಸದು ಹಾಕಿದರೂ ಮೈಲೇಜ್ ಏರಲಿಲ್ಲ. ಪಿಕಪ್ ಮಾತ್ರ ಸುಧಾರಿಸಿತು. ಹಳೆಯ ಕಾರ್ಬುರೇಟರ್ ಗಾಡಿಯಲ್ಲಿ ಮಾತ್ರ ಮೈಲೇಜ್ ಶೇಕಡಾ 2ರಿಂದ 6ರಷ್ಟು ಏರಿತು. ವಿಚಾರ ಮಾಡ್ರಿ: ಪೂರಾ ಕಟ್ಟಿದ ಕಾಗದ ತಗದು ಹೊಸ ಕಾಗದ ಹಾಕಿದ್ರನ ಮೈಲೇಜ್ ಏರಂಗಿಲ್ಲ ಅಂದ್ರ, ಹೊಸ ಕಾಗದ ತಗದು ಕೆಂಪು ಹತ್ತಿ ಹಾಕಿದ್ರ ಎಲ್ಲಿಂದ ಏರಬೇಕು?

ಕಾರಣ ಸರಳ ಐತಿ. ಪೆಟ್ರೋಲ್ ಗಾಡಿಯಾಗ ನಾವು ಅರ್ಧ ಎಕ್ಸಲೇಟರ್ ಒತ್ತಿದ್ರ ಥ್ರಾಟಲ್ ಅನ್ನೂ ಬಾಗಿಲು ಅರ್ಧ ಮುಚ್ಚಿರತೈತಿ. ಗಾಳಿ ತಡಿಯಾಕ ದೊಡ್ಡ ಬಾಗಿಲಾನ ಕುಂತಾಗ, ಅದರ ಮುಂದಿನ ಪರದೆ ತೆಳ್ಳಗ ಇದ್ರೇನು, ದಪ್ಪ ಇದ್ರೇನು? ಪೂರಾ ಒತ್ತಿದಾಗ ಫರಕ್ ಬೀಳತೈತಿ ಖರೆ. ಆದ್ರ ಶುದ್ಧ ಕಾಗದದ ಫಿಲ್ಟರ್ ಆವಾಗ ತಡಿಯೂದು ಗಾಳಿ ಒತ್ತಡದ ನೂರಕ್ಕ ಒಂದೆರಡು ಪಾಲು ಅಷ್ಟ. ಎತ್ತು ಅಡ್ಡ ಬರೂ ನಮ್ಮ ರಸ್ತಾದಾಗ ಪೂರಾ ಒತ್ತೂದು ದಿನಕ್ಕ ಎಷ್ಟು ಸೆಕೆಂಡ್? ಡೀಸೆಲ್‌ನಾಗಂತೂ ಗಾಳಿ ಯಾವಾಗಲೂ ಬೇಕಾದ್ದಕ್ಕಿಂತ ಹೆಚ್ಚ ಇರತೈತಿ, ತಾಕತ್ತು ನಿರ್ಧಾರ ಆಗೂದು ಎಷ್ಟು ಡೀಸೆಲ್ ಬಿಡತಾರ ಅನ್ನೂದರ ಮ್ಯಾಲ.

"ಇಲ್ಲಪಾ, ಹಾಕಿದ ಮ್ಯಾಲ ಸೌಂಡ್ ಬದಲಾತು, ಗಾಡಿ ಹಾರತೈತಿ" ಅನ್ನೂವ್ರು ಅದಾರ. ಸೌಂಡ್ ಬದಲಾಗತೈತಿ, ಅದು ಖರೆ. ಶಂಕುವಿನಂಥಾ ಬಿಚ್ಚು ಫಿಲ್ಟರ್ ಹಾಕಿದ್ರ ಇನ್ನೂ ಜೋರು. ಆದ್ರ ಡಬ್ಬಿ ಇಲ್ಲದ ಆ ಬಿಚ್ಚು ಫಿಲ್ಟರ್ ಬೋನೆಟ್ ಒಳಗಿನ ಬಿಸಿ ಗಾಳಿ ಎಳೀತೈತಿ. ಹೊರಗ 40 ಡಿಗ್ರಿ, ಒಳಗ 65 ಡಿಗ್ರಿ ಅಂತ ಹಿಡೀರಿ. ಆ ಬಿಸಿಗೆ ಗಾಳಿ ಶೇಕಡಾ 7ರಷ್ಟು ತೆಳ್ಳಗ ಆಗತೈತಿ. ಮೇ ತಿಂಗಳದಾಗ ರೊಕ್ಕ ಕೊಟ್ಟು ಪಿಕಪ್ ಕಳಕೊಂಡಂಗ.

(4/5)

ಈ ಭಾಗ ನಿಧಾನ ಓದ್ರಿ. ಖರೆ ಸುದ್ದಿ ಇಲ್ಲೈತಿ.

ಫಿಲ್ಟರ್ ಇರೂದು ಗಾಳಿ ಬಿಡಾಕಲ್ಲ. ಫಿಲ್ಟರ್ ಇಲ್ಲದಿದ್ರನ ಗಾಳಿ ಇನ್ನೂ ಚಲೋ ಹೋಗತೈತಿ. ಅದು ಇರೂದು ಧೂಳು ತಡಿಯಾಕ.

ಒಂದು ಲೀಟರ್ ಪೆಟ್ರೋಲ್ ಸುಡಲು ಇಂಜಿನ್ನಿಗೆ ಸುಮಾರು 9 ಸಾವಿರ ಲೀಟರ್ ಗಾಳಿ ಬೇಕು. ಲೀಟರಿಗೆ 20 ಕಿಲೋಮೀಟರ್ ಕೊಡೂ ಗಾಡಿ 15 ಸಾವಿರ ಕಿಲೋಮೀಟರ್ ಓಡಿದ್ರ ಅರವತ್ತೇಳು ಲಕ್ಷ ಲೀಟರಿಗಿಂತ ಹೆಚ್ಚು ಗಾಳಿ. ಡೀಸೆಲ್ ಇನ್ನೂ ಹೆಚ್ಚು ಎಳೀತೈತಿ. ಆ ಗಾಳಿ ಎಲ್ಲಿದು? ನವೆಂಬರ್‌ದಿಂದ ಮಾರ್ಚ್ ತನಕ ನಮ್ಮ ಕಡೆ ಎರಡೆರಡು ಟ್ರೇಲರ್ ಕಟ್ಟಿಕೊಂಡು ಕಬ್ಬಿನ ಟ್ರ್ಯಾಕ್ಟರ್ ಸಾಲಾಗಿ ಹೋಗತಾವಲ್ಲ, ಹಿರೇಪಡಸಲಗಿ ಕಡೆ, ಸಿದ್ದಾಪುರ ಕಡೆ, ಸಮೀರವಾಡಿ ಕಡೆ, ಅವುಗಳ ಹಿಂದಿಂದು. ಗಾಲಿಗೆ ಹತ್ತಿದ ಎರಿ ಮಣ್ಣು ಡಾಂಬರಿನ ಮ್ಯಾಲ ಬಿದ್ದು, ಒಣಗಿ, ಮತ್ತೊಂದು ಗಾಲಿಗೆ ಸಿಕ್ಕು ಹಿಟ್ಟಾಗತೈತಿ. ಓವರ್‌ಟೇಕ್ ಮಾಡಾಕ ಜಾಗ ಇಲ್ಲದ ಅದರ ಹಿಂದ ಹತ್ತು ನಿಮಿಷ ಹೋದವ್ರಿಗೆ ನಾ ಹೇಳೂದು ಬ್ಯಾಡ, ಹಲ್ಲಿನ್ಯಾಗ ಕರಕರ ಅಂತ ಗೊತ್ತಾಗಿರತೈತಿ.

ಆ ಕರಕರ ಅನ್ನೂದು ಸಿಲಿಕಾ, ಉಸುಕಿನ ಕಣ. ಗಡಸುತನದ ಮೋಸ್ ಅಳತೆಯಲ್ಲಿ ಅದು 7. ಸಾದಾ ಕಬ್ಬಿಣಕ್ಕಿಂತ ಗಟ್ಟಿ. ಸಿಲಿಂಡರಿನ ಗೋಡೆಗೂ ಪಿಸ್ಟನ್ ರಿಂಗಿಗೂ ನಡುವೆ ಇರುವ ಎಣ್ಣೆಯ ಪದರ ಕೆಲವೇ ಮೈಕ್ರಾನ್ ದಪ್ಪ. ಅದಕ್ಕಿಂತ ದೊಡ್ಡ ಕಣ ಹೊಕ್ಕರೆ ಮರಳು ಕಾಗದದಿಂದ ಉಜ್ಜಿದ ಹಾಗೆ. ಡೀಸೆಲ್ ಗಾಡಿಯಾಗ ಅದಕ್ಕೂ ಮೊದಲ ಟರ್ಬೋದ ರೆಕ್ಕಿಗೆ ಬಡೀತೈತಿ. ಇದು ಒಂದು ದಿನಕ್ಕ ಕಾಣಂಗಿಲ್ಲ. ಎರಡು ಮೂರು ವರ್ಷ ಬಿಟ್ಟು ಎಣ್ಣಿ ಕುಡೀತೈತಿ, ಹೊಗಿ ಬಿಡತೈತಿ. ಆವಾಗ ಫಿಲ್ಟರಿನ ನೆನಪ ಯಾರಿಗೂ ಇರಂಗಿಲ್ಲ, "ಗಾಡಿ ಹಳೇದಾತು" ಅಂತೀವಿ.

ಇಂಥಾ ಫಿಲ್ಟರ್ ಅಳಿಯಾಕ ಐಎಸ್‌ಒ 5011 ಅನ್ನೂ ಪರೀಕ್ಷೆ ಐತಿ: ತೂಕ ಮಾಡಿದ ಧೂಳು ಬಿಟ್ಟು, ಎಷ್ಟು ನಿಂತಿತು, ಎಷ್ಟು ದಾಟಿತು ಅಂತ ನೋಡೂದು. ಒಂದು ಫಿಲ್ಟರ್ ಶೇಕಡಾ 99 ತಡೀತು, ಇನ್ನೊಂದು 97 ತಡೀತು ಅಂತ ಲೆಕ್ಕಕ್ಕ ಹಿಡೀರಿ. ಮಾರ್ಕ್ಸ್ ಕಾರ್ಡಿನ್ಯಾಗ 97ಕ್ಕೂ 99ಕ್ಕೂ ಏನು ಫರಕ್? ಆದ್ರ ಇದು ಮಾರ್ಕ್ಸ್ ಅಲ್ಲ, ಬ್ಯಾಂಕಿನ ಕೆಟ್ಟ ಸಾಲ ಇದ್ದಂಗ. 1 ಪರ್ಸೆಂಟ್ ಇದ್ದ ಎನ್‌ಪಿಎ 3 ಆದ್ರ ಮ್ಯಾನೇಜರ್‌ಗೆ ನಿದ್ದಿ ಬರತೈತೇನು? ಒಳಗ ಹೋದ ಧೂಳು ಎರಡು ಪರ್ಸೆಂಟ್ ಹೆಚ್ಚಾಗಲಿಲ್ಲ, ಮೂರು ಪಟ್ಟು ಆತು. ಕಂಪನಿಗಳು ತಮ್ಮ ಹತ್ತಿ ಫಿಲ್ಟರೂ ಭಾಳ ಚಲೋ ತಡೀತೈತಿ ಅಂತಾವ. ಹೊಸಾದು, ಎಣ್ಣಿ ಸರಿಯಾಗಿ ಹಚ್ಚಿದ್ದು, ಲ್ಯಾಬಿನ್ಯಾಗ ಇದ್ರ ಇರಬಹುದು. ನಮ್ಮ ಗ್ಯಾರೇಜಿನ ಹುಡುಗ ತೊಳದು, ಅರ್ಧ ಒಣಗಿಸಿ, ಅಂದಾಜಿನ ಮ್ಯಾಲ ಎಣ್ಣಿ ಹೊಡದ ಮ್ಯಾಲ?

ಎಣ್ಣಿ ಕಡಿಮಿ ಆದ್ರ ಧೂಳು ಒಳಗ. ಹೆಚ್ಚಾದ್ರ ಎಣ್ಣಿ ಒಳಗ, ಅದು ಗಾಳಿ ಅಳಿಯೂ ಎಮ್‌ಎಎಫ್ ಸೆನ್ಸರಿನ ಬಿಸಿ ತಂತಿಗೆ ಕುಂಡರತೈತಿ. ಜನರಲ್ ಮೋಟಾರ್ಸ್ 2004ರಲ್ಲೇ ತನ್ನ ಡೀಲರ್‌ಗಳಿಗೆ ಇದರ ಬಗ್ಗೆ ಸೂಚನೆ ಕಳಿಸಿತ್ತು. ಕೆ ಆ್ಯಂಡ್ ಎನ್‌ನವರು ಅದನ್ನು ಒಪ್ಪುವುದಿಲ್ಲ. ಮಾರುತಿಯ ಹೆಚ್ಚಿನ ಪೆಟ್ರೋಲ್ ಗಾಡಿಯಾಗ ಈ ಸೆನ್ಸರ್ ಇಲ್ಲ, ಅವರು ಈ ಒಂದು ಚಿಂತಿ ಬಿಡಬಹುದು. ಕಾಕಾನ ಡೀಸೆಲ್ ಸ್ವಿಫ್ಟಿನ್ಯಾಗ ಐತಿ.

(5/5)

ಈಗ ರೊಕ್ಕದ ಮಾತು. ಇದಕ್ಕ ಅಲ್ಲೇನು ನನ್ನ ಕೇಳಿದ್ದು.

ಚಲೋ ಕಂಪನಿಯ ಕಾಗದದ ಫಿಲ್ಟರ್ ಸುಮಾರು 350 ರೂಪಾಯಿ. ಧೂಳಿನ ಊರು ಅಂತ ಕಂಪನಿ ಹೇಳಿದ್ದಕ್ಕಿಂತ ಮೊದಲ, ವರ್ಷಕ್ಕೊಂದು ಬದಲಸೂಣು. ಕೆಂಪು ಫಿಲ್ಟರಿನ ಐದು ಸಾವಿರ ಬ್ಯಾಂಕಿನ್ಯಾಗ ಎಫ್‌ಡಿ ಇಟ್ರ, ಏಳು ಪರ್ಸೆಂಟ್ ಹಿಡದ್ರ, ವರ್ಷಕ್ಕ ಬಡ್ಡಿ 350. ಅಂದ್ರ ಬಡ್ಡಿಯಾಗನ ವರ್ಷಾ ಒಂದು ಹೊಸ ಫಿಲ್ಟರ್ ಬರತೈತಿ, ಅಸಲು ಐದು ಸಾವಿರ ಹಂಗ ಉಳೀತೈತಿ. ಗಾಡಿ ಮಾರಿದ ದಿನ ಕೆಂಪು ಫಿಲ್ಟರಿಗೆ ಯಾರೂ ಒಂದು ರೂಪಾಯಿ ಹೆಚ್ಚ ಕೊಡಂಗಿಲ್ಲ, ಎಫ್‌ಡಿ ಮಾತ್ರ ನಿಮ್ಮ ಹೆಸರಿನ್ಯಾಗ ಇರತೈತಿ. ತೊಳಿಯೂ ದ್ರಾವಣ, ಎಣ್ಣಿ ಡಬ್ಬಿ ರೊಕ್ಕ ನಾ ಇನ್ನೂ ಕೂಡಿಸಿಲ್ಲ. ತೊಳದು ಒಣಗೂ ತನಕ ಗಾಡಿ ನಿಂತು, ಒಂದು ಬಾಡಿಗಿ ತಪ್ಪಿದ್ದನ್ನೂ ಕೂಡಿಸಿಲ್ಲ. ಬ್ರೇಕ್-ಈವನ್ ಪಾಯಿಂಟ್ ಹುಡುಕಿದೆ, ಗ್ರಾಫಿನ್ಯಾಗ ಗೆರಿ ಕೂಡಲೇ ಇಲ್ಲ.

ಯಾರಿಗೆ ಸರಿ ಹೋಗತೈತಿ? ಟ್ರ್ಯಾಕ್ ಮ್ಯಾಲ ಓಡಸೂವ್ರಿಗೆ. ತಮ್ಮ ಕೈಯಾರ ಪುಸ್ತಕ ನೋಡಿ, ಒಂದು ಹನಿ ಹೆಚ್ಚಿಲ್ಲದಂಗ ಎಣ್ಣಿ ಹಚ್ಚೂ ಹವ್ಯಾಸ ಇದ್ದವ್ರಿಗೆ. ಆ ಕೆಲಸದಾಗ ಖುಷಿ ಐತಿ ಅಂದ್ರ ನಾ ಯಾಕ ಬ್ಯಾಡ ಅನ್ನಲಿ, ಹವ್ಯಾಸಕ್ಕ ಲೆಕ್ಕ ಇಲ್ಲ. ಕಾಗದ ಕಸ ಆಗತೈತಿ ಅನ್ನೂ ಮಾತೂ ಖರೆ, ಆದ್ರ ಎಣ್ಣಿ ತೊಳದ ನೀರು ಎಲ್ಲಿ ಚೆಲ್ಲತೀರಿ?

ಇನ್ನೊಂದು ಸಿಟ್ಟಿನ ಮಾತು. ನಮ್ಮ ಕಡೆ ಕಾಗದದ ಫಿಲ್ಟರೂ 'ಮರುಬಳಕೆ'ನ. ಪಂಕ್ಚರ್ ಅಂಗಡಿ ಮುಂದ ನಿಂತು "ಸ್ವಲ್ಪ ಹವಾ ಹೊಡಿ" ಅಂದ್ರ ಆತು, ಕಂಪ್ರೆಸರ್ ಮೂತಿ ಕಾಗದಕ್ಕ ಹಚ್ಚಿ ಸುಯ್ ಅಂತ ಹೊಡೀತಾರ. ಆ ಒತ್ತಡಕ್ಕ ಕಾಗದದಾಗ ಕಣ್ಣಿಗೆ ಕಾಣದ ತೂತು ಬೀಳತಾವ. ಅಲ್ಲದ, ಫಿಲ್ಟರ್ ಮ್ಯಾಲ ಕುಂತ ಸ್ವಲ್ಪ ಧೂಳು ತಾನ ಇನ್ನೊಂದು ಜರಡಿ ಆಗಿ ಹೊಸ ಧೂಳು ತಡೀತೈತಿ. ವಾರಕ್ಕೊಮ್ಮೆ ಹೊಡದ್ರ ಅದೂ ಹೋಗತೈತಿ. ಆ್ಯಕ್ಟಿವಾ ಇದ್ದವ್ರು ಇನ್ನೂ ಹುಷಾರ್: ಅದರದ್ದು ಎಣ್ಣೆ ಹೀರಿದ ಕಾಗದ, ಸ್ವಚ್ಛ ಮಾಡಂಗೇ ಇಲ್ಲ, ಬದಲಾಯಿಸೂದು ಅಷ್ಟ.

ಕಾಕಾಗ ಕಾಗದದ್ದ ತಂದು ಹಾಕಿದ್ವಿ. ಡಬ್ಬಿ ಮ್ಯಾಲ ಮಾರ್ಕರ್‌ಲೆ ತಾರೀಖು, ಕಿಲೋಮೀಟರ್ ಬರದೀನಿ, ಕೊನೇ ಫೋಟೋದಾಗ ಕಾಣತೈತಿ.

ನೀವೂ ಈ ಐತಾರ ಒಂದು ಕೆಲಸ ಮಾಡ್ರಿ. ಬೋನೆಟ್ ತಗದು, ಫಿಲ್ಟರ್ ಡಬ್ಬಿ ಕ್ಲಿಪ್ ಬಿಚ್ಚಿ, ಸುತ್ತಲಿನ ರಬ್ಬರ್ ಸೀಳಿಲ್ಲ ಅಂತ ನೋಡ್ರಿ. ಆಮೇಲೆ ಫಿಲ್ಟರ್ ದಾಟಿದ ಮ್ಯಾಲಿನ ಪೈಪಿನ ಒಳಗ, ಅಂದ್ರ ಇಂಜಿನ್ ಕಡೆ, ಬಿಳಿ ಅರಿವಿಯಿಂದ ಒಮ್ಮೆ ಒರಸ್ರಿ. ಅಲ್ಲಿ ಮಣ್ಣು ಬಂತು ಅಂದ್ರ ನಿಮ್ಮ ಫಿಲ್ಟರ್ ಯಾವುದ ಇರಲಿ, ಸೋರಾಕತ್ತೈತಿ. ಅರಿವಿ ಫೋಟೋ ತಗದು ಡಿಎಮ್ ಮಾಡ್ರಿ, ಊರಿನ ಹೆಸರು ಹಾಕಿ. ಬೈಕಿನವ್ರು ಕಾಯ್ರಿ, ಮುಂದಿನ ಸರಣಿ ಚೈನಿಗೆ ಹಳೇ ಇಂಜಿನ್ ಆಯಿಲ್ ಹಚ್ಚೂದರ ಮ್ಯಾಲ.