ಈ ಎಣ್ಣೆ ಯಾವ ತೋಟದ್ದು ಎಂದು ಕೇಳೋಣ



ಮನೆಯಲ್ಲಿರುವ ಬಿಸ್ಕತ್ತಿನ ಪೊಟ್ಟಣವನ್ನೋ ನೂಡಲ್ಸ್ ಪ್ಯಾಕೆಟ್ಟನ್ನೋ ಒಮ್ಮೆ ತಿರುವಿ ನೋಡಿ. ಹಿಂಬದಿಯಲ್ಲಿ ಸಣ್ಣ ಅಕ್ಷರಗಳ ಪದಾರ್ಥಪಟ್ಟಿ ಇರುತ್ತದೆ. ಮೈದಾ, ಸಕ್ಕರೆಯ ಆಸುಪಾಸಿನಲ್ಲೇ ‘ಪಾಮ್ ಆಯಿಲ್’ ಅಥವಾ ‘ಪಾಮೋಲಿನ್’ ಎಂಬ ಹೆಸರು ಸಿಗುವ ಸಾಧ್ಯತೆ ಹೆಚ್ಚು. ಅದೇ ತಾಳೆ ಎಣ್ಣೆ. ಯಾವ ಎಣ್ಣೆ ಎಂದು ಕಂಪನಿ ಅಲ್ಲಿ ಹೇಳಿರುತ್ತದೆ, ಯಾವ ನೆಲದಿಂದ ಬಂತು ಎಂದು ಹೇಳಿರುವುದಿಲ್ಲ. ಅದನ್ನು ನೀವು ಕೇಳಬೇಕು. ಈ ಮನವಿ ಅಷ್ಟಕ್ಕೇ.

ತಾಳೆ ಎಣ್ಣೆಯನ್ನು ಜಗತ್ತಿನಲ್ಲೇ ಅತಿ ಹೆಚ್ಚು ಆಮದು ಮಾಡಿಕೊಳ್ಳುವ ದೇಶ ನಮ್ಮದು. ಈಚಿನ ವರ್ಷಗಳಲ್ಲಿ ವರ್ಷಕ್ಕೆ 75 ಲಕ್ಷದಿಂದ ಒಂದು ಕೋಟಿ ಟನ್ನಿನವರೆಗೆ ತರಿಸಿದ್ದೇವೆ. ಅದರ ಬಹುಪಾಲು ಇಂಡೋನೇಷ್ಯಾ, ಮಲೇಷ್ಯಾಗಳದು. ಅಲ್ಲಿನ ಸುಮಾತ್ರಾ, ಬೋರ್ನಿಯೊ ದ್ವೀಪಗಳಲ್ಲಿ ತೋಟಕ್ಕಾಗಿ ಮಳೆಕಾಡು ಕಡಿದದ್ದು ಎಷ್ಟೋ. ಒರಾಂಗುಟಾನ್ ಕಾಡಿನಲ್ಲಿ ಬದುಕಿರುವುದು ಆ ಎರಡು ದ್ವೀಪಗಳಲ್ಲಿ ಮಾತ್ರ. ಅಲ್ಲಿನ ಜೌಗು ಕಾಡುಗಳ ನೆಲವೆಂದರೆ ಸಾವಿರಾರು ವರ್ಷಗಳಿಂದ ಕೊಳೆತೂ ಕೊಳೆಯದೆ ಉಳಿದ ಎಲೆ, ಬೇರು, ಮರದ ದಪ್ಪ ಪದರ. ಕಾಲುವೆ ತೋಡಿ ನೀರು ಬಸಿದರೆ ಅದು ಒಣಗುತ್ತದೆ. ಕಿಡಿ ತಾಗಿದರೆ ವಾರಗಟ್ಟಲೆ ನೆಲದೊಳಗೇ ಉರಿಯುತ್ತದೆ. 2015ರಲ್ಲಿ ಇಂಡೋನೇಷ್ಯಾದಲ್ಲಿ ಸುಟ್ಟುಹೋದದ್ದು ಸುಮಾರು 26 ಲಕ್ಷ ಹೆಕ್ಟೇರ್. ಹೊಗೆ ಸಿಂಗಪುರ, ಮಲೇಷ್ಯಾಗಳನ್ನೂ ಮುಸುಕಿತು. ನಷ್ಟ 1,600 ಕೋಟಿ ಡಾಲರ್ ಎಂದು ವಿಶ್ವಬ್ಯಾಂಕ್ ಅಂದಾಜಿಸಿತು. ಆ ಬೆಂಕಿಗೆಲ್ಲ ತಾಳೆಯೊಂದೇ ಕಾರಣವಲ್ಲ, ಆದರೆ ಅದರ ಪಾಲು ದೊಡ್ಡದು. ಕೂಲಿಗಳ ಪಾಡೂ ಇದೆ. 2020ರಲ್ಲಿ ಅಮೆರಿಕ ಮಲೇಷ್ಯಾದ ಎರಡು ದೊಡ್ಡ ಕಂಪನಿಗಳ ತಾಳೆ ಎಣ್ಣೆಯನ್ನು ಬಲವಂತದ ದುಡಿಮೆಯ ಆರೋಪದ ಮೇಲೆ ಬಂದರಿನಲ್ಲೇ ತಡೆಯಿತು.

ಹಾಗಾದರೆ ತಾಳೆ ಎಣ್ಣೆಯನ್ನೇ ಬಿಟ್ಟುಬಿಡೋಣವೇ? ಬೇಡ. ಒಂದು ಹೆಕ್ಟೇರ್ ತಾಳೆ ತೋಟ ವರ್ಷಕ್ಕೆ ಮೂರರಿಂದ ನಾಲ್ಕು ಟನ್ ಎಣ್ಣೆ ಕೊಡುತ್ತದೆ, ಸೋಯಾ ಅರ್ಧ ಟನ್ನನ್ನೂ ಕೊಡುವುದಿಲ್ಲ. ಎಲ್ಲರೂ ಸೋಯಾ ಕಡೆ ತಿರುಗಿದರೆ ಇನ್ನಷ್ಟು ನೆಲ ಬೇಕು, ಆಗ ಕೊಡಲಿ ಬೀಳುವುದು ಬೇರೆ ಯಾವುದೋ ಕಾಡಿಗೆ. ಇಂಡೋನೇಷ್ಯಾದಲ್ಲಿ ಲಕ್ಷಾಂತರ ಸಣ್ಣ ರೈತರು ಇದೇ ಬೆಳೆಯಲ್ಲಿ ಬದುಕು ಕಂಡುಕೊಂಡಿದ್ದಾರೆ. ಆದ್ದರಿಂದ ನಾವು ಕೇಳಬೇಕಾದದ್ದು ಬಹಿಷ್ಕಾರವಲ್ಲ, ಲೆಕ್ಕ.

ಕೇಳಿದರೆ ಕಂಪನಿಗಳು ಕಿವಿಗೊಡುತ್ತವೆಯೇ ಎಂಬ ಅನುಮಾನ ಸಹಜ. 2010ರ ಮಾರ್ಚ್‌ನಲ್ಲಿ ಗ್ರೀನ್‌ಪೀಸ್ ಎಂಬ ಪರಿಸರ ಸಂಸ್ಥೆ ನೆಸ್ಲೆ ಕಂಪನಿಯ ಕಿಟ್‌ಕ್ಯಾಟ್ ಜಾಹೀರಾತನ್ನು ಅಣಕಿಸಿ ಒಂದು ವಿಡಿಯೊ ಮಾಡಿತು. ಕಚೇರಿಯ ನೌಕರನೊಬ್ಬ ಪೊಟ್ಟಣ ಬಿಚ್ಚಿ ಬಾಯಿಗಿಟ್ಟರೆ ಅದು ಚಾಕೊಲೇಟ್ ಅಲ್ಲ, ಒರಾಂಗುಟಾನ್ ಬೆರಳು. ಕಂಪನಿ ಮೊದಲು ವಿಡಿಯೊವನ್ನು ಯೂಟ್ಯೂಬ್‌ನಿಂದ ತೆಗೆಸಿತು. ಅದು ಇನ್ನಷ್ಟು ಹರಡಿತು, ಗ್ರಾಹಕರ ಪತ್ರಗಳು ಬಂದು ಬಿದ್ದವು. ಎರಡೇ ತಿಂಗಳಲ್ಲಿ, ಕಾಡು ಕಡಿದ ನೆಲದ ತಾಳೆ ಎಣ್ಣೆ ಕೊಳ್ಳುವುದಿಲ್ಲ ಎಂಬ ನೀತಿಯನ್ನು ನೆಸ್ಲೆ ಘೋಷಿಸಬೇಕಾಯಿತು. ಘೋಷಿಸಿದ್ದೆಲ್ಲ ಅಂದೇ ಕೈಗೂಡಲಿಲ್ಲ ಎಂಬುದೂ ನಿಜ. ಆದರೆ ಆ ಮಾತು ಕಾಗದದ ಮೇಲೆ ಬಂದದ್ದು ಕೊಳ್ಳುವವರ ಒತ್ತಾಯದಿಂದ.

ಎಣ್ಣೆಯ ಮೂಲ ಹುಡುಕುವುದು ಕಷ್ಟ ಎಂದು ಕಂಪನಿಗಳು ಹೇಳುವುದುಂಟು. ಆದರೆ ತಾಳೆ ಗೊನೆ ಕೊಯ್ದ ಒಂದೆರಡು ದಿನಗಳೊಳಗೆ ಗಿರಣಿ ಸೇರಬೇಕು, ಇಲ್ಲದಿದ್ದರೆ ಎಣ್ಣೆ ಕೆಡುತ್ತದೆ. ಅಂದರೆ ಗಿರಣಿ ಎಲ್ಲಿದೆಯೋ ತೋಟಗಳೂ ಅದರ ಸುತ್ತಮುತ್ತಲೇ. ಗಿರಣಿಯ ಹೆಸರು ಗೊತ್ತಾದರೆ, ಆ ಸುತ್ತಿನಲ್ಲಿ ಕಾಡು ಕರಗುತ್ತಿದೆಯೇ ಎಂದು ಉಪಗ್ರಹ ಚಿತ್ರದಲ್ಲಿ ಯಾರು ಬೇಕಾದರೂ ನೋಡಬಹುದು. ಯೂನಿಲಿವರ್, ನೆಸ್ಲೆ ಕಂಪನಿಗಳು 2018ರಲ್ಲೇ ತಮ್ಮ ಗಿರಣಿಗಳ ಪಟ್ಟಿಯನ್ನು ಬಹಿರಂಗಪಡಿಸಿವೆ. ಅವರಿಗೆ ಆದದ್ದು ಉಳಿದವರಿಗೆ ಆಗದಿರಲು ಕಾರಣವಿಲ್ಲ.

ಇಂಥ ಲೆಕ್ಕ ಕೊಡುವುದು ಏನೆಂದು ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ಬೆಳೆಗಾರರಿಗೆ ಗೊತ್ತು. ಯುರೋಪಿನ ಒಕ್ಕೂಟ 2023ರಲ್ಲಿ ಕಾನೂನೊಂದನ್ನು ತಂದಿತು. ಅದರಂತೆ, ಅಲ್ಲಿ ಮಾರುವ ಕಾಫಿ, ಕೋಕೊ, ತಾಳೆ ಎಣ್ಣೆ ಮುಂತಾದವು 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದದ್ದಲ್ಲ ಎಂದು ತೋಟದ ಅಕ್ಷಾಂಶ–ರೇಖಾಂಶ ಸಮೇತ ತೋರಿಸಬೇಕು. ನಾಲ್ಕು ಹೆಕ್ಟೇರ್ ಮೀರಿದ ತೋಟವಾದರೆ ಸುತ್ತಲ ಗಡಿಯನ್ನೇ ಗುರುತಿಸಬೇಕು. ಜಾರಿಯ ದಿನ ಮುಂದೆ ಹೋಗುತ್ತಾ ಬಂದಿದ್ದರೂ ನಮ್ಮ ಬೆಳೆಗಾರರು ಕಾಫಿ ಮಂಡಳಿಯ ಆ್ಯಪ್‌ನಲ್ಲಿ ತೋಟ ನೋಂದಾಯಿಸತೊಡಗಿದ್ದಾರೆ. ಇಟಲಿಯಲ್ಲಿ ಕಾಫಿ ಕುಡಿಯುವವನಿಗೆ ಸಕಲೇಶಪುರದ ಎರಡೆಕರೆ ತೋಟದವನು ಕೊಡಬೇಕಾದ ಲೆಕ್ಕವನ್ನು, ಸಾವಿರಾರು ಕೋಟಿ ವಹಿವಾಟಿನ ಕಂಪನಿ ನಮಗೆ ಕೊಡಬಾರದೇ?

ಹಾಗಾಗಿ ದಯವಿಟ್ಟು ಇಷ್ಟು ಮಾಡಿ. ಪೊಟ್ಟಣದ ಮೇಲೆ ಗ್ರಾಹಕ ಸೇವೆಯ ಫೋನ್ ನಂಬರ್, ವಿಳಾಸ, ಇಮೇಲ್ ಇರುತ್ತದೆ. ಅದನ್ನು ಮುದ್ರಿಸುವುದು ಕಾನೂನಿನ ಕಡ್ಡಾಯ. ನೀವು ಹೆಚ್ಚಾಗಿ ಕೊಳ್ಳುವ ತಿಂಡಿಯ ಕಂಪನಿಗೆ ಹೀಗೆ ಬರೆಯಿರಿ: “ನಿಮ್ಮ ಈ ತಿಂಡಿಯಲ್ಲಿರುವ ತಾಳೆ ಎಣ್ಣೆ ಯಾವ ಯಾವ ಗಿರಣಿಗಳಿಂದ ಬರುತ್ತದೆ? ಅವುಗಳ ಪಟ್ಟಿಯನ್ನು ಪ್ರಕಟಿಸಿದ್ದೀರಾ? ಕಾಡು ಕಡಿಯುವ, ಕೂಲಿಗಳನ್ನು ಶೋಷಿಸುವ ತೋಟದಿಂದ ಕೊಳ್ಳುವುದಿಲ್ಲ ಎಂಬ ಲಿಖಿತ ನೀತಿ ಇದೆಯೇ?” ಕನ್ನಡದಲ್ಲೇ ಬರೆಯಿರಿ. ಕನ್ನಡನಾಡಿನಲ್ಲಿ ಮಾರುವವರು ಕನ್ನಡದಲ್ಲಿ ಉತ್ತರಿಸಲಿ.

“ನಾವು ಎಲ್ಲ ಕಾನೂನುಗಳನ್ನೂ ಪಾಲಿಸುತ್ತೇವೆ” ಎಂದು ಉತ್ತರ ಬಂದರೆ ಅದನ್ನು ಉತ್ತರವೆಂದು ಒಪ್ಪಬೇಡಿ. ಸುಸ್ಥಿರ ತಾಳೆ ಎಣ್ಣೆಗೆ ಕೊಡುವ ಆರ್‌ಎಸ್‌ಪಿಒ ಪ್ರಮಾಣಪತ್ರ ಇದೆ ಎಂದರೆ ಯಾವ ಬಗೆಯದು ಎಂದು ಮತ್ತೆ ಕೇಳಿ. ಪ್ರಮಾಣಿತ ಎಣ್ಣೆಯನ್ನು ಬೇರೆಯಾಗಿಯೇ ಸಾಗಿಸುವ ಬಗೆ ಒಂದು. ‘ಮಾಸ್ ಬ್ಯಾಲೆನ್ಸ್’ ಎಂಬ ಇನ್ನೊಂದು ಬಗೆಯಲ್ಲಿ ಅದು ಬೇರೆ ಎಣ್ಣೆಯೊಂದಿಗೆ ಬೆರೆಯುತ್ತದೆ, ಲೆಕ್ಕ ಪುಸ್ತಕದಲ್ಲಷ್ಟೇ ಬೇರೆ ಇರುತ್ತದೆ. ಕಂಪನಿ ಷೇರುಪೇಟೆಯಲ್ಲಿದ್ದರೆ ಅದರ ವಾರ್ಷಿಕ ವರದಿಯನ್ನೂ ತೆರೆಯಿರಿ. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಸ್ಥಾನದಲ್ಲಿರುವ ಕಂಪನಿಗಳು ಪರಿಸರ–ಸಾಮಾಜಿಕ ಹೊಣೆಯ ವರದಿ ಕೊಡುವುದನ್ನು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2022–23ರಿಂದ ಕಡ್ಡಾಯ ಮಾಡಿದೆ. ಕಚ್ಚಾ ಸಾಮಗ್ರಿಯಲ್ಲಿ ಶೇಕಡಾ ಎಷ್ಟನ್ನು ಸುಸ್ಥಿರ ಮೂಲದಿಂದ ಕೊಂಡಿರಿ ಎಂಬ ನೇರ ಪ್ರಶ್ನೆ ಅದರಲ್ಲಿದೆ. ಅಲ್ಲಿ ಬರೆದಿರುವ ಅಂಕಿಯನ್ನೂ ನಿಮಗೆ ಬಂದ ಉತ್ತರವನ್ನೂ ತಾಳೆ ನೋಡಿ.

ಹಾಸ್ಟೆಲ್ ವಾರ್ಡನ್‌ಗಳು, ಕ್ಯಾಂಟೀನ್ ನಡೆಸುವವರು, ಛತ್ರಗಳ ಗುತ್ತಿಗೆದಾರರು, ಬೇಕರಿ ಮಾಲೀಕರಲ್ಲಿ ವಿಶೇಷ ಮನವಿ. ನೀವು ಕೊಳ್ಳುವುದು ಡಬ್ಬಗಟ್ಟಲೆ. ನಿಮ್ಮ ಒಂದು ಪ್ರಶ್ನೆ ಸಗಟು ವ್ಯಾಪಾರಿಯ ಮೂಲಕ ಕಂಪನಿಗೆ ಬೇಗ ಮುಟ್ಟುತ್ತದೆ.

ಈ ವಾರ ಒಂದು ಪತ್ರ ಬರೆಯಿರಿ. ತಿಂಗಳಾದರೂ ಉತ್ತರ ಬಾರದಿದ್ದರೆ ಮತ್ತೊಂದು ಬರೆಯಿರಿ, ಪಕ್ಕದ ಮನೆಯವರಿಂದಲೂ ಬರೆಸಿ. ಲೆಕ್ಕ ಕೊಡದ ಕಂಪನಿಯ ಪೊಟ್ಟಣವನ್ನು ಅಂಗಡಿಯಲ್ಲೇ ಬಿಟ್ಟು, ಲೆಕ್ಕ ಕೊಟ್ಟವರದನ್ನು ಮನೆಗೆ ತನ್ನಿ.