ಮಗ್ಗ ನಿಂತ ಮನೆ



ಕಳೆದ ಶ್ರಾವಣದಲ್ಲಿ ಒಂದು ಸಂಜೆ ಪ್ರವಚನ ಮುಗಿಸಿ ಪೀಠದಿಂದ ಇಳಿಯುವ ಹೊತ್ತಿಗೆ ಗುಳೇದಗುಡ್ಡದ ದಂಪತಿಗಳಿಬ್ಬರು ಕಂಬದ ಮರೆಯಲ್ಲಿ ಕಾಯುತ್ತ ನಿಂತಿದ್ದರು. ಮೂರು ತಲೆಮಾರಿನಿಂದ ಖಣ ನೇಯ್ದ ಮನೆತನ. ಸ್ವಂತ ಮಗ್ಗ; ನೂಲನ್ನು ತಾವೇ ಕೊಂಡು, ನೇಯ್ದುದನ್ನು ತಾವೇ ಮಾರುವವರು. ಇತ್ತೀಚೆಗೆ ವಿದ್ಯುತ್ ಮಗ್ಗದ ಅಗ್ಗದ ಖಣದ ಎದುರಿಗೆ ಅವರ ಮಾಲು ನಿಲ್ಲಲಿಲ್ಲ. ನಾಲ್ಕು ತಿಂಗಳಿಂದ ಲಾಳಿ ಆಡಿಲ್ಲ. ಆ ಗೃಹಸ್ಥರು ಬಹಳ ಹೊತ್ತು ಬೇರೆ ಬೇರೆ ಮಾತನಾಡಿ, ಕೊನೆಗೆ ಕೇಳಿದರು: “ಗುರುಗಳ, ಕೆಲಸ ಇಲ್ಲದವ್ರಿಗೆ ಸರಕಾರದಾಗ ಭತ್ಯೆ ಐತೆಂತ ಮಂದಿ ಅಂತಾರ. ನಮಗ ಬರತೈತೇನ್ರಿ? ಬಂದ್ರೂ, ಕಾಯಕದ ಮನಿತನದವ್ರು ಅದನ್ನ ತಗೋಬಹುದೇನ್ರಿ?”

ಒಂದೇ ಉಸಿರಿನಲ್ಲಿ ಎರಡು ಪ್ರಶ್ನೆಗಳು. ಮೊದಲನೆಯದು ಕಾನೂನಿನದು, ಎರಡನೆಯದು ಧರ್ಮದ್ದು. ಅಂದು ನಾನು ಎರಡನೆಯದಕ್ಕೆ ಮಾತ್ರ ಅರೆಬರೆ ಉತ್ತರ ಕೊಟ್ಟೆ. ಮೊದಲನೆಯದನ್ನು ತಿಳಿದವರಲ್ಲಿ ವಿಚಾರಿಸಿ, ಓದಿ, ಈ ತಿಂಗಳು ಬರೆಯುತ್ತಿದ್ದೇನೆ. ಇಂತಹ ಮನೆಗಳು ನಮ್ಮ ಸಮಾಜದಲ್ಲಿ ಒಂದೆರಡಲ್ಲ.

ನಮ್ಮ ದೇಶದ ಕಾನೂನು ನಿರುದ್ಯೋಗವನ್ನು ನೌಕರನ ಸಂಕಟವೆಂದೇ ಬಗೆದಿದೆ. ಇ.ಎಸ್.ಐ. ವಿಮೆಯ ವಂತಿಗೆ ಕಟ್ಟಿದ ಕಾರ್ಮಿಕನು ಕೆಲಸ ಕಳೆದುಕೊಂಡರೆ ಅವನಿಗೆ ನೆರವಾಗಲು 2005ರಲ್ಲಿ ರಾಜೀವ್ ಗಾಂಧಿಯವರ ಹೆಸರಿನ ಯೋಜನೆ ಬಂದಿತು. 2018ರಲ್ಲಿ ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆ ಆರಂಭವಾಯಿತು. ಇದರಲ್ಲಿ ಸರಾಸರಿ ವೇತನದ ಶೇಕಡಾ 25ರಷ್ಟಿದ್ದ ಪರಿಹಾರವನ್ನು 2020ರ ಸಂಕಷ್ಟಕಾಲದಲ್ಲಿ ಶೇಕಡಾ 50ಕ್ಕೆ ಏರಿಸಿ, 90 ದಿನಗಳವರೆಗೆ ಕೊಡುವಂತೆ ಮಾಡಿದರು. ಆದರೆ ಕೆಲಸದಿಂದ ತೆಗೆಯಲು ಒಬ್ಬ ಮಾಲೀಕನಿರಬೇಕಲ್ಲ! ತನಗೆ ತಾನೇ ಮಾಲೀಕನಾದ ನೇಕಾರನನ್ನು ಯಾರೂ ಕೆಲಸದಿಂದ ತೆಗೆಯುವುದಿಲ್ಲ. ಗಿರಾಕಿ ಬರುವುದನ್ನು ನಿಲ್ಲಿಸುತ್ತಾನೆ, ಅಷ್ಟೆ. ಅದಕ್ಕೆ ಪ್ರಮಾಣಪತ್ರ ಕೊಡುವ ಕಚೇರಿ ಎಲ್ಲಿಯೂ ಇಲ್ಲ.

ಕರ್ನಾಟಕದ ಯುವನಿಧಿಯೂ ಇವರದಲ್ಲ. 2023ರ ಕೊನೆಯಲ್ಲಿ ನೋಂದಣಿ ಆರಂಭವಾದ ಆ ಯೋಜನೆ ಓದು ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ ಮತ್ತು ಡಿಪ್ಲೊಮಾ ಪಡೆದವರಿಗೆ ರೂಪಿತವಾದದ್ದು. 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಯಲ್ಲಿ ಮಾತ್ರ ಒಂದು ಮಹತ್ವದ ಮಾತಿತ್ತು: ಕೆಲಸ ಕೇಳಿ ಅರ್ಜಿ ಕೊಟ್ಟ 15 ದಿನಗಳೊಳಗೆ ಕೆಲಸ ಕೊಡದಿದ್ದರೆ ಸರ್ಕಾರ ನಿರುದ್ಯೋಗ ಭತ್ಯೆ ಕೊಡಬೇಕು, ಮೊದಲ 30 ದಿನ ಕೂಲಿಯ ಕಾಲು ಭಾಗಕ್ಕೆ, ಅನಂತರ ಅರ್ಧಕ್ಕೆ ಕಡಿಮೆಯಿಲ್ಲದಂತೆ. ಅರ್ಜಿಗೆ ತಾರೀಖು ಹಾಕಿದ ರಸೀದಿ ಪಡೆಯುವುದು ಅರ್ಜಿದಾರನ ಹಕ್ಕಾಗಿತ್ತು. ಬಾಯಿಮಾತಿನಲ್ಲಿ ಕೆಲಸ ಕೇಳಿ ಬರಿಗೈಯಲ್ಲಿ ಮರಳಿದವರಿಗೆ ಆ ಹದಿನೈದು ದಿನಗಳ ಎಣಿಕೆ ಆರಂಭವಾಗಲೇ ಇಲ್ಲ. 2025ರ ಡಿಸೆಂಬರಿನಲ್ಲಿ ಸಂಸತ್ತು ಅದರ ಸ್ಥಾನದಲ್ಲಿ ಬೇರೊಂದು ಕಾಯ್ದೆಯನ್ನು ಅಂಗೀಕರಿಸಿತು. ಹಳ್ಳಿಯಲ್ಲಿರುವ ಓದುಗರು ರಸೀದಿಯ ಮಾತನ್ನು ಮರೆಯಬಾರದು. ಪಟ್ಟಣವಾಸಿಗಳಾದ ನಮ್ಮ ದಂಪತಿಗಳಿಗೆ ಆ ದಾರಿಯೂ ಇರಲಿಲ್ಲ.

ಹಾಗಾದರೆ ಸ್ವಂತ ವೃತ್ತಿಯವರನ್ನು ಕಾನೂನು ಮರೆತೇಬಿಟ್ಟಿತೆ? ಹಾಗೆನ್ನಲಾಗದು. 2008ರ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಕಾಯ್ದೆ ಸ್ವಯಂ ಉದ್ಯೋಗಿಗಳನ್ನೂ ಕಾರ್ಮಿಕರೆಂದೇ ಎಣಿಸಿತು. ಜೀವಹಾನಿ, ಅಂಗವೈಕಲ್ಯ, ಆರೋಗ್ಯ, ಹೆರಿಗೆ, ವೃದ್ಧಾಪ್ಯ ಎಂದು ಅದು ಪಟ್ಟಿ ಮಾಡಿತು. ಮಗ್ಗ ನಿಲ್ಲುವ ಕಷ್ಟವನ್ನು ಮಾತ್ರ ಆ ಪಟ್ಟಿಯಲ್ಲಿ ಹೆಸರಿಸಲಿಲ್ಲ. ಆದುದರಿಂದ ನಮ್ಮವರಿಗೆ ಸಿಕ್ಕಿರುವುದು ಭತ್ಯೆಯಲ್ಲ, ಆಗಾಗ ಬರುವ ನೆರವು. 2020ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಕ್ಷೌರಿಕರಿಗೆ, ಅಗಸರಿಗೆ, ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿಗಳನ್ನು ಘೋಷಿಸಿತು. ಕೈಮಗ್ಗ ನೇಕಾರರಿಗೆ ನೇಕಾರ ಸಮ್ಮಾನ್ ಎಂಬ ಹೆಸರಿನಲ್ಲಿ ವರ್ಷಕ್ಕೆ 2,000 ರೂಪಾಯಿ ಬಂದಿತು. 2022ರಲ್ಲಿ ಅದನ್ನು 5,000ಕ್ಕೆ ಏರಿಸಲಾಯಿತು. ದೊಡ್ಡ ಮೊತ್ತವಲ್ಲ, ಒಪ್ಪುತ್ತೇನೆ. ಒಲೆ ಉರಿಯದ ಮನೆಗೆ ಅದು ಚಿಕ್ಕದೂ ಅಲ್ಲ.

ಇಲ್ಲಿ ಆ ದಂಪತಿಗಳ ಕಥೆ ನನ್ನನ್ನು ತಡೆದು ನಿಲ್ಲಿಸಿತು. ನೇಕಾರರ ನೆರವಿಗೆ ಆಧಾರವಾದದ್ದು ಕೈಮಗ್ಗ ಗಣತಿಯ ಪಟ್ಟಿ. 2019-20ರಲ್ಲಿ ಗಣತಿಯವರು ಇವರ ಓಣಿಗೂ ಬಂದಿದ್ದರು. ಆಗ ಮಗ್ಗ ಚೆನ್ನಾಗಿ ನಡೆಯುತ್ತಿತ್ತು. ಗೃಹಸ್ಥರು ಕಟ್ಟೆಯ ಮೇಲೆ ಕುಳಿತೇ, “ನಮ್ಮದು ಬಡವರ ಪಟ್ಟಿಗೆ ಸೇರೂ ಮನಿ ಅಲ್ಲ, ಮುಂದ ಹೋಗ್ರಿ” ಎಂದು ಅವರನ್ನು ಕಳುಹಿಸಿಬಿಟ್ಟರು. ಅದು ಬಡವರ ಪಟ್ಟಿಯಾಗಿರಲಿಲ್ಲ, ನೇಕಾರರ ಪಟ್ಟಿಯಾಗಿತ್ತು. ಮರುವರ್ಷ ಪಕ್ಕದ ಮನೆಯವರಿಗೆ ಹಣ ಬಂದಾಗ ಇವರು ಬಾಯಿ ಬಿಡಲಿಲ್ಲ. ಮೊದಲು ಬೆಳ್ಳಿಯ ತಂಬಿಗೆ ಅಡವಿಗೆ ಹೋಯಿತು, ಅನಂತರ ತಾಯಿಯವರ ಕಾಲದ ಪಾಟಲಿ. ಇದನ್ನು ಹೇಳಿದವರು ಆ ತಾಯಿ. ಗೃಹಸ್ಥರು ನೆಲ ನೋಡುತ್ತಿದ್ದರು. ಸರ್ಕಾರದ ಎರಡು ಸಾವಿರಕ್ಕೆ ಅರ್ಜಿ ಬರೆಯಲು ನಾಚಿದ ಮನೆ ಬಡ್ಡಿ ಅಂಗಡಿಯ ಮೆಟ್ಟಿಲು ಹತ್ತಲು ನಾಚಲಿಲ್ಲ. ಇದನ್ನು ಸ್ವಾಭಿಮಾನವೆಂದು ಕರೆಯಲು ನನ್ನ ಮನಸ್ಸು ಒಪ್ಪದು. (ಅದೇ ಮನೆಯ ಅಜ್ಜಿ ವೃದ್ಧಾಪ್ಯ ವೇತನವನ್ನು ತಪ್ಪದೆ ಪಡೆಯುತ್ತಾರಂತೆ. ಕೇಳಿದರೆ, “ಸರಕಾರನೂ ನನಗ ಒಬ್ಬ ಮಗ ಇದ್ದಂಗ” ಎನ್ನುತ್ತಾರಂತೆ! ಆ ಅಜ್ಜಿಯ ಬುದ್ಧಿ ದೊಡ್ಡದು.)

ಹೆಸರು ಬರೆಸುವ, ಲೆಕ್ಕ ಇಡುವ ಈ ಮಾತು ನಮ್ಮ ದೇಶಕ್ಕೆ ಮಾತ್ರ ಸೀಮಿತವಲ್ಲ. ನಮ್ಮ ಪರಿಚಯದ ಮನೆತನದ ಅಳಿಯನೊಬ್ಬ ಅಮೆರಿಕದ ನ್ಯೂಜೆರ್ಸಿಯಲ್ಲಿ ಮದುವೆಗಳ ಛಾಯಾಚಿತ್ರ ತೆಗೆಯುವ ಸ್ವಂತ ವೃತ್ತಿ ನಡೆಸುತ್ತಿದ್ದಾನೆ. 2020ರಲ್ಲಿ ಮದುವೆಗಳೇ ನಿಂತವು. ಆ ದೇಶದಲ್ಲಿಯೂ ನಿರುದ್ಯೋಗ ಭತ್ಯೆ ಸಾಮಾನ್ಯವಾಗಿ ನೌಕರರಿಗೇ ಮೀಸಲು. ಆದರೆ ಆ ವರ್ಷದ ಮಾರ್ಚ್ 27ರಂದು ಬಂದ ವಿಶೇಷ ಕಾನೂನು ಸ್ವಯಂ ಉದ್ಯೋಗಿಗಳಿಗೂ ಭತ್ಯೆಯ ಬಾಗಿಲು ತೆರೆಯಿತು. 2021ರ ಸೆಪ್ಟೆಂಬರ್ 6ರವರೆಗೆ ಅದು ತೆರೆದಿತ್ತು. ಮೊತ್ತವನ್ನು ಹಿಂದಿನ ವರ್ಷದ ತೆರಿಗೆ ಲೆಕ್ಕದಲ್ಲಿ ತೋರಿಸಿದ ನಿವ್ವಳ ಆದಾಯದ ಮೇಲೆ ನಿರ್ಧರಿಸುತ್ತಿದ್ದರು. ಈ ಅಳಿಯ ಮಹಾಶಯ ತೆರಿಗೆ ಉಳಿಸಲು ಮನೆಯ ಖರ್ಚನ್ನೂ ವೃತ್ತಿಯ ಖರ್ಚೆಂದು ಬರೆದು ಆದಾಯವನ್ನು ಕಿರಿದು ಮಾಡಿದ್ದ. ಕಷ್ಟ ಬಂದಾಗ ಆ ಕಿರಿದಾದ ಆದಾಯವೇ ಅವನ ಅಳತೆಯಾಗಿ, ಕನಿಷ್ಠ ಮೊತ್ತವಷ್ಟೇ ಕೈಗೆ ಬಂತು. ಅವನೇ ಇದನ್ನು ನಗುತ್ತ ನನಗೆ ಹೇಳಿದ.

ಅವನು ಹೇಳಿದ ಇನ್ನೊಂದು ಸಂಗತಿ ಎರಡನೆಯ ಪ್ರಶ್ನೆಗೆ ನನ್ನನ್ನು ಕರೆದೊಯ್ಯುತ್ತದೆ. ಅಲ್ಲಿ ಪ್ರತಿ ವಾರವೂ ಒಂದು ಪ್ರಶ್ನೆಪತ್ರ ತುಂಬಬೇಕು: ಈ ವಾರ ದುಡಿಯಲು ಶಕ್ತನಿದ್ದೆಯಾ, ಏನಾದರೂ ಸಂಪಾದಿಸಿದೆಯಾ? ಒಂದು ವಾರ ಯಾರದೋ ಮನೆಯ ಅಂಗಳದಲ್ಲಿ ನಾಮಕರಣದ ಚಿತ್ರ ತೆಗೆದು ಇನ್ನೂರು ಡಾಲರ್ ಪಡೆದಿದ್ದ. ನಗದು ಹಣ, ಬರೆಯದಿದ್ದರೆ ಕೇಳುವವರಿಲ್ಲ. ರಾತ್ರಿಯೆಲ್ಲ ಯೋಚಿಸಿ ಬರೆದ. ಆ ವಾರದ ಭತ್ಯೆ ಕಡಿತವಾಯಿತು.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಕಥೆ ನಮ್ಮ ಮನೆಗಳ ಮಕ್ಕಳಿಗೂ ಗೊತ್ತು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಮರಳಿ ಸುರಿದು ಬರುವಂತೆ ಲಕ್ಕಮ್ಮನವರು ಹೇಳಿದರು. ಯಾರಿಂದಲೂ ಏನನ್ನೂ ಪಡೆಯಬಾರದೆಂಬುದಕ್ಕೆ ಪ್ರಮಾಣವಾಗಿ ಈ ಕಥೆಯನ್ನು ಪ್ರವಚನಗಳಲ್ಲಿ ಬಳಸುವುದುಂಟು. ಮಠದ ಪಾಠಶಾಲೆಯಿಂದ ಹೊರಬಂದ ಹೊಸತರಲ್ಲಿ ನಾನೂ ಹಾಗೆಯೇ ಬಳಸಿದ್ದೇನೆ. ಈಗ ಅದು ನನಗೆ ಅಪೂರ್ಣವಾಗಿ ಕಾಣುತ್ತದೆ. ಆ ತಾಯಿ ಮರಳಿಸಲು ಹೇಳಿದ್ದು ಹೆಚ್ಚಾದುದನ್ನು, ಇದ್ದಬದ್ದುದೆಲ್ಲವನ್ನೂ ಅಲ್ಲ. ಅಂದಿನ ಅಗತ್ಯದ ಅಕ್ಕಿ ಮನೆಯಲ್ಲಿಯೇ ಉಳಿಯಿತು. ಅದರಿಂದಲೇ ದಾಸೋಹ ನಡೆಯಿತು. ಆ ಅಕ್ಕಿಯಾದರೂ ಎಲ್ಲಿಯದು? ಎಲ್ಲರಿಗೂ ತೆರೆದಿದ್ದ ಅಂಗಳದ್ದು. ಅಲ್ಲಿಂದ ಆಯ್ದದ್ದನ್ನು ಶರಣರು ಭಿಕ್ಷೆ ಎನ್ನಲಿಲ್ಲ. ಅಗತ್ಯವೇ ಅಲ್ಲಿ ಅಳತೆ. ಅದನ್ನು ಮೀರಿ ತಂದರೆ ಲಕ್ಕಮ್ಮನವರು ಬಾಗಿಲಲ್ಲಿಯೇ ನಿಲ್ಲಿಸುತ್ತಾರೆ. ಇನ್ನೂರು ಡಾಲರನ್ನು ಬರೆದ ಹುಡುಗನನ್ನು ಅವರು ಒಳಗೆ ಕರೆಯುತ್ತಿದ್ದರೆಂದು ನನ್ನ ನಂಬಿಕೆ.

ಖಣ ಕೊಂಡವರ ಹಣದಲ್ಲಿ ಒಂದು ಪಾಲು ತೆರಿಗೆಯಾಗಿ ಸರ್ಕಾರದ ಬೊಕ್ಕಸಕ್ಕೆ ಹೋಗಿದೆ. ನೂಲು ಕೊಂಡಾಗ ಇವರೂ ತೆತ್ತಿದ್ದಾರೆ. ಆ ಬೊಕ್ಕಸದ ಅಂಗಳಕ್ಕೆ ಹೋಗಿ ಕಾನೂನು ಗೊತ್ತುಮಾಡಿದಷ್ಟನ್ನು ಆಯ್ದು ತರುವುದು ಕಾಯಕಭ್ರಷ್ಟತೆಯಲ್ಲ. ಮಗ್ಗ ನಡೆಯುತ್ತಿರುವಾಗ ನಿಂತಿದೆಯೆಂದು ಬರೆದರೆ ಅದು ಭ್ರಷ್ಟತೆ. ಅಂಥವರೂ ನಮ್ಮಲ್ಲಿದ್ದಾರೆ, ನನಗೆ ಗೊತ್ತು. ಅವರಿಗಾಗಿ ಈ ಲೇಖನ ಬರೆದಿಲ್ಲ.

ಮಾಡಬೇಕಾದ ಕೆಲಸ ದೊಡ್ಡದೇನಲ್ಲ, ಆದರೆ ವೃತ್ತಿ ನಡೆಯುತ್ತಿರುವಾಗಲೇ ಮಾಡಬೇಕು. 2021ರ ಆಗಸ್ಟಿನಲ್ಲಿ ಆರಂಭವಾದ ಇ-ಶ್ರಮ್ ನೋಂದಣಿಯಲ್ಲಿ 16ರಿಂದ 59 ವರ್ಷದೊಳಗಿನ ಅಸಂಘಟಿತ ಕಾರ್ಮಿಕರು ಹೆಸರು ಬರೆಸಬಹುದು; ಸ್ವಂತ ವೃತ್ತಿಯವರಿಗೂ ಅದರಲ್ಲಿ ಸ್ಥಾನವಿದೆ. ಅದರಿಂದ ತಿಂಗಳ ಭತ್ಯೆ ಬರುತ್ತದೆಂದು ಯಾರೂ ಭ್ರಮಿಸಬೇಡಿ. ಇಂತಹ ಕುಶಲಕರ್ಮಿ ಇಂತಹ ಊರಿನಲ್ಲಿದ್ದಾನೆ ಎಂಬುದಕ್ಕೆ ಅದೊಂದು ಸಾಕ್ಷಿ. ಗಣತಿಯವರು ಬಂದರೆ ಕುಳ್ಳಿರಿಸಿ ನೀರು ಕೊಟ್ಟು ಹೆಸರು ಹೇಳಿ. ದೀಪಾವಳಿಯಲ್ಲಿ ಪೂಜಿಸುವ ಖಾತೆ ಪುಸ್ತಕದಲ್ಲಿ ವರ್ಷವಿಡೀ ಬರೆಯಿರಿ. 2020ರಲ್ಲಿ ಎಷ್ಟೋ ಕುಶಲಕರ್ಮಿಗಳು ತಮ್ಮ ವೃತ್ತಿ ಯಾವುದೆಂದು ಪ್ರಮಾಣಪತ್ರ ತರಲು ಅಲೆಯಬೇಕಾಯಿತು. ಜೀವಮಾನವಿಡೀ ಕತ್ತರಿ ಹಿಡಿದವನಿಗೆ ತಾನು ಕ್ಷೌರಿಕನೆಂದು ರುಜುವಾತು ಮಾಡುವ ಪಾಡು!

ದಂಪತಿಗಳು ಕಾರ್ತಿಕದಲ್ಲಿ ಮತ್ತೆ ಬಂದಿದ್ದರು. ಸೇವಾ ಕೇಂದ್ರಕ್ಕೆ ಹೋಗಿ ಇ-ಶ್ರಮ್ ಚೀಟಿ ಮಾಡಿಸಿದ್ದಾರೆ. ನೇಕಾರರ ಪಟ್ಟಿಗೆ ಹೆಸರು ಸೇರಿಸಲು ಜವಳಿ ಇಲಾಖೆಯ ಕಚೇರಿಗೆ ಅರ್ಜಿ ಕೊಟ್ಟು ರಸೀದಿ ಪಡೆದಿದ್ದಾರೆ. ನೋಂದಣಿಯ ಹೊತ್ತಿನಲ್ಲಿ ಕಂಪ್ಯೂಟರಿನ ಹುಡುಗ “ಕಾಕಾ, ವೃತ್ತಿ ಏನಂತ ಹಾಕಲಿ, ಈಗ ಕೆಲಸ ಇಲ್ಲಲ್ಲ?” ಎಂದು ಕೇಳಿದನಂತೆ. ಗೃಹಸ್ಥರು ಉತ್ತರಕ್ಕೆ ತಡವರಿಸಿದಾಗ ಆ ತಾಯಿಯೇ ಮುಂದೆ ಬಂದು ಹೇಳಿದರಂತೆ: “ನೇಕಾರ ಅಂತ ಬರಿಯಪ್ಪ.”